ದೋಣಿಯಿಲ್ಲದ ಹುಟ್ಟಿಗೊಂದು ಹಿಡಿ

‘ಹಿಡಿ’ ಎಂಬ ಎರಡಕ್ಷರದ ವಸ್ತುವಿನ ಮೇಲೂ ಒಂದು ಲೇಖನವೇ ಎಂದು ವಾಚಕರು ನಗಬಹುದು. ನಗಲಿ. ಕಳೆದ ಜುಲೈ ತಿಂಗಳವರೆಗೆ ನಾನೂ ನಗುತ್ತಿದ್ದವನೇ. ಗುದ್ದಲಿಗೆ ಕಾವು, ನೇಗಿಲಿಗೆ ಮೇಳಿ, ಕುಡುಗೋಲಿಗೆ ಹಿಡಿ, ಬೀಸುವ ಕಲ್ಲಿಗೆ ಗೂಟ, ಇವನ್ನು ಮಾಡಿ ಮಾರಿಯೇ ನನ್ನ ತಂದೆಯವರು ನನ್ನನ್ನು ಬಿ.ಎ. ಕೊನೆಯ ವರ್ಷದವರೆಗೆ ತಂದು ನಿಲ್ಲಿಸಿದ್ದಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದಲೇ ಏನೋ, ಹಿಡಿಯ ವಿಷಯದಲ್ಲಿ ಕಲಿಯತಕ್ಕದ್ದು ಏನಿದೆ ಎಂಬ ಉಡಾಫೆ ನನಗಿತ್ತು. ಅದರ ಬೆಲೆಯನ್ನು ನನ್ನ ಗೆಳೆಯನೊಬ್ಬ ತೆತ್ತನು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಯಂತ್ರದ ವಿಷಯ.

ನಮ್ಮ ಕಾಲೇಜಿನ ವ್ಯಾಯಾಮಶಾಲೆಯಲ್ಲಿ ಒಂದು ರೋಯಿಂಗ್ ಮೆಷೀನು ಇದೆ. ಹುಡುಗರು ಅದನ್ನು ‘ದೋಣಿ ಮೆಷೀನು’ ಎನ್ನುತ್ತಾರೆ. ಉದ್ದನೆಯ ಕಂಬಿಯ ಮೇಲೆ ಹಿಂದೆ ಮುಂದೆ ಜಾರುವ ಒಂದು ಮಣೆ, ಪಾದಗಳನ್ನು ಬಿಗಿಯುವ ಪಟ್ಟಿ, ಎದುರಿಗೆ ಗೂಡಿನೊಳಗೆ ರೆಕ್ಕೆಗಳುಳ್ಳ ಒಂದು ಚಕ್ರ. ಚಕ್ರದಿಂದ ಹೊರಟ ಸರಪಳಿಯ ತುದಿಗೆ ಅಡ್ಡಲಾಗಿ ಒಂದು ಹಿಡಿ. ಅದನ್ನು ಹಿಡಿದು, ಕಾಲಿನಿಂದ ಒದೆದು, ಬೆನ್ನನ್ನು ಹಿಂದಕ್ಕೆ ಒರಗಿಸಿ, ಕೊನೆಗೆ ತೋಳನ್ನು ಎಳೆದರೆ ಚಕ್ರವು ಗಾಳಿಯನ್ನು ಕಡೆಯುತ್ತ ತಿರುಗುತ್ತದೆ. ಬಿಟ್ಟಾಗ ಸೈಕಲ್ಲಿನ ಫ್ರೀವೀಲಿನಂತೆ ಚಕ್ರ ತನ್ನ ಪಾಡಿಗೆ ತಿರುಗುತ್ತಿರುತ್ತದೆ. ರಬ್ಬರಿನ ಹುರಿಯೊಂದು ಸರಪಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಗಾಳಿಯೇ ಇಲ್ಲಿ ನೀರು.

ನೆಲದ ಮೇಲೆ ಹುಟ್ಟು ಹಾಕುವುದು ಹೊಸ ಹುಚ್ಚೇನೂ ಅಲ್ಲ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿಯೇ ಅಥೆನ್ಸಿನ ಸೇನಾನಿ ಕಾಬ್ರಿಯಾಸನು ಹೊಸಬರನ್ನು ಹಡಗಿಗೆ ಹತ್ತಿಸುವ ಮುನ್ನ ದಡದಲ್ಲಿಯೇ ಮರದ ಚೌಕಟ್ಟಿನ ಮೇಲೆ ಕೂರಿಸಿ ಅಭ್ಯಾಸ ಮಾಡಿಸಿದನೆಂದು ಹೇಳುತ್ತಾರೆ. ಇಂದಿನ ರೂಪದ ಯಂತ್ರವನ್ನು ಬಳಕೆಗೆ ತಂದವರು ಅಮೆರಿಕದ ವರ್ಮಾಂಟಿನ ಡ್ರೈಸಿಗ್ಯಾಕರ್ ಸಹೋದರರು. 1976ರಿಂದ ದೋಣಿಯ ಹುಟ್ಟುಗಳನ್ನು ತಯಾರಿಸುತ್ತಿದ್ದ ಇವರು 1981ರಲ್ಲಿ ಸೈಕಲ್ಲಿನ ಚಕ್ರಕ್ಕೆ ರೆಕ್ಕೆ ಕಟ್ಟಿ ‘ಕಾನ್ಸೆಪ್ಟ್ 2’ ಎಂಬ ಹೆಸರಿನಲ್ಲಿ ಯಂತ್ರವನ್ನು ಹೊರತಂದರು. ಆ ಕಾಲದಲ್ಲಿ ಅವರ ಯಂತ್ರದ ಹಿಡಿಯೂ ಮರದ್ದೇ. ಈ ಸಂಗತಿಯನ್ನು ಕೇಳಿದಾಗ ಅಪ್ಪನಿಗೆ ಆದ ಸಂತೋಷವನ್ನು ನೋಡಬೇಕಿತ್ತು!

ನಮ್ಮ ಯಂತ್ರ ಬೇರೆ ತಯಾರಿಕೆಯದು. ಅದರ ಹಿಡಿಗೆ ಸುತ್ತಿದ್ದ ಮೆತ್ತೆ ಬೆವರಿಗೆ ಪುಡಿಯಾಗಿ, ಒಳಗಿನ ಪ್ಲಾಸ್ಟಿಕ್ಕು ಬಿರುಕು ಬಿಟ್ಟು, ಎಳೆದವರ ಅಂಗೈಯನ್ನೆಲ್ಲ ಗೀರುತ್ತಿತ್ತು. ಹೊಸ ಹಿಡಿಗಾಗಿ ಅರ್ಜಿ ಹೋಯಿತು. ಅರ್ಜಿ ಹೋದುದಷ್ಟೇ ನಮಗೆ ಗೊತ್ತು. ಆಗ ನಾನು ವ್ಯಾಯಾಮದ ಮೇಷ್ಟರ ಮುಂದೆ ನಿಂತು, “ಸರ್, ನಾನು ಮಾಡಿಕೊಡುತ್ತೇನೆ. ನಮ್ಮದು ಬಡಗಿ ಕೆಲಸದ ಮನೆ” ಎಂದೆನು. ಅವರು ಸಂದೇಹದಿಂದ ನೋಡಿದರೂ ಬೇಡವೆನ್ನಲಿಲ್ಲ.

ಊರಿಗೆ ಹೋಗಿ ಅಪ್ಪನನ್ನು ಕೇಳಬಹುದಿತ್ತು. ಹೋಗಲಿಲ್ಲ. ಪೇಟೆಯಲ್ಲಿ ಒಂದು ನೀಲಗಿರಿ ಗಳು ಕೊಂಡು, ಒಂದೂವರೆ ಅಡಿ ಕತ್ತರಿಸಿ, ನುಣ್ಣಗೆ ಉಜ್ಜಿ, ನಡುವೆ ತೂತು ಕೊರೆದು ಒಂದು ಕೊಕ್ಕೆ ಸ್ಕ್ರೂ ತಿರುಗಿಸಿದೆನು. ಮೇಲೆ ಎರಡು ಸಲ ವಾರ್ನಿಷು. ನೋಡಲು ಬಹಳ ಚೆನ್ನಾಗಿತ್ತು. ಹುಡುಗರು ಬೆನ್ನು ತಟ್ಟಿದರು. ಹನ್ನೊಂದು ದಿನ ಅದು ನಡೆಯಿತು.

ಹನ್ನೆರಡನೆಯ ದಿನ ಬೆಳಿಗ್ಗೆ ಯಂತ್ರದ ಮೇಲೆ ಇದ್ದವನು ನನ್ನ ಆಪ್ತ ಗೆಳೆಯ. ಇಪ್ಪತ್ತು ದಿನಗಳಲ್ಲಿ ಅವನು ಸೈನ್ಯದ ಭರ್ತಿಗೆ ಹೋಗಬೇಕಿತ್ತು. ಅಲ್ಲಿ 1.6 ಕಿಲೋಮೀಟರು ಓಡಬೇಕು, ಅಡ್ಡಗಂಬಿಗೆ ನೇತು ಮೈಯನ್ನು ಮೇಲೆತ್ತಬೇಕು. ಅದಕ್ಕಾಗಿಯೇ ಅವನ ಸಾಧನೆ. ವಯಸ್ಸಿನ ಮಿತಿಯ ಲೆಕ್ಕದಲ್ಲಿ ಅವನಿಗೆ ಅದೇ ಕಡೆಯ ಅವಕಾಶ. ಬೆನ್ನನ್ನು ಪೂರ್ತಿ ಹಿಂದಕ್ಕೆ ಒರಗಿಸಿ ಎಳೆದ ಆ ಗಳಿಗೆಯಲ್ಲಿ ಕೊಕ್ಕೆ ಕಿತ್ತು ಬಂದಿತು. ಸರಪಳಿ ಸರ್ರನೆ ಗೂಡಿನೊಳಕ್ಕೆ ಓಡಿತು. ಕೋಲು ಹಿಡಿದ ಗೆಳೆಯ ಮಣೆಯಿಂದ ಹಿಂದಕ್ಕೆ ಉರುಳಿದ. ತಲೆಯನ್ನು ಉಳಿಸಿಕೊಳ್ಳಲು ಬಲಗೈಯನ್ನು ಊರಿದ. ಮಣಿಕಟ್ಟಿನ ಮೂಳೆ ಬಿರುಕು. ಆರು ವಾರ ಪ್ಲಾಸ್ಟರು. ಭರ್ತಿಯ ದಿನ ಅವನು ಮನೆಯಲ್ಲಿದ್ದ. ನೋಡಲು ಹೋದೆನು. ಅವನ ತಾಯಿ ಕಾಫಿ ಕೊಟ್ಟರು, ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ಶನಿವಾರ ಕಿತ್ತುಬಂದ ಹಿಡಿಯನ್ನು ಚೀಲದಲ್ಲಿಟ್ಟುಕೊಂಡು ಊರಿಗೆ ಹೋದೆನು. ಅಪ್ಪ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

“ಯಾವಾಗ ಕಡಿದ ಮರ ಇದು?”

“ಗೊತ್ತಿಲ್ಲಪ್ಪ.”

“ಹಸಿ ಮರಕ್ಕೆ ಸ್ಕ್ರೂ ಹೊಡೆದಿದೀಯ. ಮರ ಒಣಗ್ತಾ ತೂತು ಸಡಿಲ ಆಗಿದೆ. ದಿನಕ್ಕೆ ಎಷ್ಟು ಸಲ ಎಳೀತೀರೋ ಇದನ್ನ?”

ನಾನು ಲೆಕ್ಕ ಹಾಕಿದೆನು. ದಿನಕ್ಕೆ ಇಪ್ಪತ್ತೈದು ಜನ, ತಲೆಗೆ ಹತ್ತು ನಿಮಿಷ, ನಿಮಿಷಕ್ಕೆ ಇಪ್ಪತ್ತನಾಲ್ಕು ಎಳೆತ. ಒಟ್ಟು ಆರು ಸಾವಿರ. ಹನ್ನೊಂದು ದಿನಕ್ಕೆ ಅರವತ್ತಾರು ಸಾವಿರ. ಅಪ್ಪ ಉಳಿಯನ್ನು ಕೆಳಗಿಟ್ಟರು. “ಗುದ್ದಲಿ ಹಿಡಿದೋನು ದಿನಕ್ಕೆ ಎರಡು ಸಾವಿರ ಏಟು ಹಾಕಿದ್ರೆ ಹೆಚ್ಚು. ಅದಕ್ಕೂ ನಾನು ಬರೀ ಸ್ಕ್ರೂ ನಂಬಿ ಕೊಡೋದಿಲ್ಲ ಕಣೋ” ಎಂದರು. ಬೈಗುಳವೆಂದರೆ ಇಷ್ಟೇ.

ಎಳೆತದ ಸಂಖ್ಯೆ ಗೊತ್ತಾಯಿತು, ಎಳೆತದ ಬಲವೆಷ್ಟು? ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ವಿಜ್ಞಾನ ಓದುವ ಹಾಸ್ಟೆಲಿನ ಮಿತ್ರನ ಸಹಾಯದಿಂದ ಹೀಗೆ ಲೆಕ್ಕ ಹಾಕಿದೆನು. ಇಂತಹ ಯಂತ್ರಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಸೂತ್ರದಂತೆ, 500 ಮೀಟರಿಗೆ 2 ನಿಮಿಷ ತೆಗೆದುಕೊಳ್ಳುವವನು ಸುಮಾರು 203 ವಾಟ್ ಶಕ್ತಿ ವ್ಯಯಿಸುತ್ತಾನೆ. ನಿಮಿಷಕ್ಕೆ 24 ಎಳೆತವಾದರೆ ಒಂದೊಂದು ಎಳೆತಕ್ಕೆ ಸುಮಾರು 506 ಜೌಲ್. ಹಿಡಿ ಪ್ರತಿ ಸಲವೂ 1.35 ಮೀಟರು ಸರಿಯುತ್ತದೆಂದರೆ, ಭಾಗಿಸಿದಾಗ 375 ನ್ಯೂಟನ್; ಎಂದರೆ ಸುಮಾರು 38 ಕಿಲೋ ತೂಗುವ ಮೂಟೆಯನ್ನು ನೇತುಹಾಕಿದಂತೆ. ಇದು ಸರಾಸರಿ. ಕಾಲು ಒದೆಯುವ ಹೊತ್ತಿನಲ್ಲಿ ಬಲವು ಇದಕ್ಕಿಂತ ಬಹಳ ಏರುತ್ತದೆ. 60 ಕಿಲೋ ಎಂದಿಟ್ಟುಕೊಂಡರೆ ತಪ್ಪಾಗದು. ದಿನಕ್ಕೆ ಆರು ಸಾವಿರ ಸಲ 60 ಕಿಲೋ ಮೂಟೆಯನ್ನು ಎತ್ತಿ ಇಳಿಸುವ ಕೆಲಸವನ್ನು ನಾನು ಒಂದು ಕೊಕ್ಕೆ ಸ್ಕ್ರೂವಿಗೆ ವಹಿಸಿದ್ದೆ!

ಅಪ್ಪ ಅಟ್ಟದಿಂದ ಮೂರು ವರ್ಷ ಒಣಗಿದ ತಡಸಲು ಮರದ ತುಂಡನ್ನು ಇಳಿಸಿದರು. ತಡಸಲು ಬಳುಕುವ ಮರ. ಏಟು ತಿನ್ನುತ್ತದೆ, ಥಟ್ಟನೆ ಮುರಿಯುವುದಿಲ್ಲ. ದಿಂಡಿಗವೂ ಆದೀತು, ಆದರೆ ಭಾರ. ತುಂಡನ್ನು ಅವರು ಗರಗಸದಿಂದ ಕೊಯ್ಯಲಿಲ್ಲ, ಬೆಣೆ ಹೊಡೆದು ಸೀಳಿದರು. ಗರಗಸ ತನ್ನ ದಾರಿ ನೋಡಿಕೊಳ್ಳುತ್ತದೆ. ಸೀಳು ಮರದ ಎಳೆ ಹೋದ ದಾರಿಯಲ್ಲಿಯೇ ಹೋಗುತ್ತದೆ. ಈ ಕೊನೆಯಿಂದ ಆ ಕೊನೆಯವರೆಗೆ ಎಳೆ ತುಂಡಾಗದ ಕೋಲು ಮಾತ್ರ ಹಿಡಿಗೆ ಯೋಗ್ಯ. ಕಣ್ಣೆದುರೇ ಹದಿನೈದು ವರ್ಷ ನಡೆದ ಈ ಕೆಲಸವನ್ನು ನಾನು ಆ ದಿನ ಮೊದಲ ಸಲ ನೋಡಿದೆನು.

ಎರಡನೆಯ ಪಾಠ ಆಕಾರದ್ದು. ಎರಡು ಕೈಗಳು ತುದಿಗಳಲ್ಲಿ, ಸರಪಳಿ ನಡುವೆ. ಬಾಗುವ ಒತ್ತಡವೆಲ್ಲ ನಡುವಿಗೇ ಬೀಳುತ್ತದೆ, ತೂತನ್ನು ಕೊರೆಯುವುದೂ ಅಲ್ಲಿಯೇ. ಕೋಲಿನ ಶಕ್ತಿ ದಪ್ಪದೊಡನೆ ಸಮಸಮನಾಗಿ ಏರುವುದಿಲ್ಲ, ಘನವಾಗಿ ಏರುತ್ತದೆ. 40 ಮಿಲಿಮೀಟರಿನ ಕೋಲನ್ನು 32ಕ್ಕೆ ಕೆತ್ತಿದರೆ ದಪ್ಪ ಐದರಲ್ಲಿ ಒಂದು ಪಾಲು ತಗ್ಗಿತು, ಬಾಗು ತಡೆಯುವ ಶಕ್ತಿಯಾದರೋ ಅರ್ಧಕ್ಕೆ ಬಂತು. ಘನವರ್ಗಗಳ ಗೊಡವೆಯಿಲ್ಲದ ಅಪ್ಪ ನಡುವನ್ನು ದಪ್ಪಗೆ ಬಿಟ್ಟು ಎರಡು ತುದಿಗಳನ್ನು ಮಾತ್ರ ಸಣ್ಣಗೆ ಕೆತ್ತಿದರು. ಅಡಿಗೆಮನೆಯಿಂದ ಇಣುಕಿದ ಅಮ್ಮ, “ಇದೇನು, ಕಾಲೇಜಿಗೆ ಲಟ್ಟಣಿಗೆನಾ?” ಎಂದು ಕೇಳಿದರು. ನಿಜಕ್ಕೂ ಲಟ್ಟಣಿಗೆಯೇ!

ಹಿಡಿಯುವ ಜಾಗ ಎಷ್ಟು ದಪ್ಪವಿರಬೇಕು? ಬೆರಳು ಮಡಿಸಿ ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಒಂದು ಬೆರಳಿನಷ್ಟು ಎಡೆ ಉಳಿಯಬೇಕು ಎಂಬುದು ಅಪ್ಪನ ಅಳತೆ. ಹೆಚ್ಚು ದಪ್ಪವಾದರೆ ಹಿಡಿಯುವುದಕ್ಕೇ ಮುಂದೋಳಿನ ಶಕ್ತಿ ಮುಗಿಯುತ್ತದೆ. ತೆಳ್ಳಗಾದರೆ ಬೆರಳಸಂದಿಗೆ ಕೊರೆಯುತ್ತದೆ. ಹುಡುಗರಿಗೆ 32 ಮಿಲಿಮೀಟರು ಸರಿಹೋಯಿತು. ವಿದ್ಯಾರ್ಥಿನಿಯರು ತಮಗೆ ದಪ್ಪವೆಂದುದರಿಂದ 28ರದು ಇನ್ನೊಂದನ್ನು ಮಾಡಿದೆವು. ಅವರು ಕೇಳುವವರೆಗೆ ಅದು ನಮಗೆ ಹೊಳೆದಿರಲಿಲ್ಲ ಎಂಬುದು ನಾಚಿಕೆಯ ವಿಷಯ. ವಾರ್ನಿಷನ್ನು ಅಪ್ಪ ಮುಟ್ಟಗೊಡಲಿಲ್ಲ. ಬೆವರಿದ ಕೈ ಅದರ ಮೇಲೆ ಜಾರುತ್ತದೆ, ಜಾರದಂತೆ ಬಿಗಿದರೆ ಬೊಬ್ಬೆ ಏಳುತ್ತದೆ. ಅಗಸೆ ಎಣ್ಣೆಯನ್ನು ಮೂರು ದಿನ ಉಜ್ಜಿದರು, ಅಷ್ಟೇ. ಸೈಕಲ್ ಟ್ಯೂಬು ಸುತ್ತಿ ನೋಡಿದೆವು, ಕೈಯೆಲ್ಲ ಕಪ್ಪಾಯಿತು. ಹತ್ತಿಯ ಪಟ್ಟಿ ಮೇಲು, ಬಿಚ್ಚಿ ಒಗೆಯಬಹುದು.

ಸ್ಕ್ರೂವಿನ ಬದಲು ಮರವನ್ನು ಹಾಯ್ದು ಆಚೆ ಬರುವ 8 ಮಿಲಿಮೀಟರಿನ ಬೋಲ್ಟು. ಅದರ ತಲೆ ತೆರೆದ ಕೊಕ್ಕೆಯಲ್ಲ, ಮುಚ್ಚಿದ ಉಂಗುರ. ಎಳೆಯುವವನ ಕಡೆಗೆ ಅಗಲವಾದ ವಾಷರು, ತಾನಾಗಿ ಸಡಿಲವಾಗದ ನೈಲಾನಿನ ನಟ್ಟು. ಹೊಟ್ಟೆಗೆ ತಾಗದಂತೆ ಇವೆರಡನ್ನೂ ಮರದೊಳಕ್ಕೆ ಹುದುಗಿಸಿದೆವು. ಸ್ಕ್ರೂ ಮರದ ನಾರನ್ನು ಕಚ್ಚಿಕೊಂಡು ನಿಲ್ಲುತ್ತದೆ, ನಾರು ಸವೆದರೆ ಮುಗಿಯಿತು. ಬೋಲ್ಟು ಕಿತ್ತು ಬರಬೇಕಾದರೆ ವಾಷರು ಇಡೀ ಮರವನ್ನು ಸೀಳಿಕೊಂಡು ಬರಬೇಕು. ಮಾಡಿದ ಮೇಲೆ ಸುಮ್ಮನೆ ಕೊಡಲಿಲ್ಲ. ಹಿಡಿಯ ಎರಡು ತುದಿಗಳನ್ನು ಹಗ್ಗದಿಂದ ತೊಲೆಗೆ ಕಟ್ಟಿ, ಉಂಗುರಕ್ಕೆ ಎರಡು ಸಿಮೆಂಟು ಮೂಟೆಗಳನ್ನು, ಎಂದರೆ ನೂರು ಕಿಲೋವನ್ನು, ಒಂದು ರಾತ್ರಿ ತೂಗುಹಾಕಿದೆವು. ಬೆಳಿಗ್ಗೆ ಎದ್ದಾಗ ಅಪ್ಪ ಅದರ ಕೆಳಗೆ ಕುಳಿತು ಭೂತಗನ್ನಡಿ ಹಿಡಿದು ಸೀಳು ಹುಡುಕುತ್ತಿದ್ದರು.

ಹಿಡಿಯನ್ನು ಕೂರಿಸಲು ಅವರೇ ಬಂದರು. ನನ್ನ ಕಾಲೇಜನ್ನು ಅವರು ನೋಡಿದ್ದು ಅದೇ ಮೊದಲು. ವ್ಯಾಯಾಮಶಾಲೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಮೇಷ್ಟರು ಕುರ್ಚಿ ತರಿಸಿದರೂ ಕೂರಲಿಲ್ಲ.

ಇನ್ನು ಗೆಳೆಯನ ವಿಷಯ. ಪ್ಲಾಸ್ಟರು ಬಿಚ್ಚಿದ ಮೇಲೆ ನಿಧಾನವಾಗಿ ಎಳೆಯಬಹುದೆಂದು ವೈದ್ಯರು ಹೇಳಿದರು. ಆದರೆ ಅಡ್ಡಗೋಲನ್ನು ಅಂಗೈ ಕೆಳಗಾಗಿ ಹಿಡಿದರೆ ಅವನ ಮಣಿಕಟ್ಟು ನೋಯುತ್ತಿತ್ತು. ಅವನಿಗಾಗಿ ಎರಡು ಬಿಡಿ ಹಿಡಿಗಳನ್ನು ಮಾಡಿ, ಹಗ್ಗ ಕಟ್ಟಿ ಒಂದೇ ಉಂಗುರಕ್ಕೆ ಸೇರಿಸಿದೆವು. ಇದರಲ್ಲಿ ಅಂಗೈಗಳು ಕೈಮುಗಿಯುವಾಗಿನಂತೆ ಎದುರುಬದುರಾಗಿ ಇರಬಹುದು, ಎಳೆಯುತ್ತ ಮಣಿಕಟ್ಟು ತನಗೆ ಬೇಕಾದಂತೆ ತಿರುಗಬಹುದು.

ಇಲ್ಲಿಯೂ ಒಂದು ಲೆಕ್ಕವಿದೆ. ಕೈಗಳ ನಡುವೆ 40 ಸೆಂಟಿಮೀಟರು ಅಂತರವಿದ್ದು ಒಂದೊಂದು ಹಗ್ಗವೂ 40 ಸೆಂಟಿಮೀಟರು ಇದ್ದರೆ, ಪ್ರತಿ ಹಗ್ಗದ ಮೇಲೆ ಒಟ್ಟು ಬಲದ ನೂರಕ್ಕೆ 58 ಪಾಲು ಬೀಳುತ್ತದೆ. ಹಗ್ಗವನ್ನು 23 ಸೆಂಟಿಮೀಟರಿಗೆ ಇಳಿಸಿದರೆ ಕೋನ ಅಗಲವಾಗಿ ಒಂದೊಂದರ ಮೇಲೂ ಪೂರ್ತಿ ಬಲವೇ ಬೀಳುತ್ತದೆ! ಹಾಗೆಂದು ಉದ್ದ ಮಾಡುತ್ತ ಹೋದರೆ ಸರಪಳಿ ಪೂರ್ತಿ ಒಳಹೋದ ಮೇಲೂ ಕೈ ಹಿಂದೆಯೇ ಉಳಿದು, ಎಳೆತದ ಮೊದಲ ಭಾಗ ನಷ್ಟವಾಗುತ್ತದೆ. ನಾವು 35ಕ್ಕೆ ನಿಲ್ಲಿಸಿದೆವು. ಒಂದು ಕೈ ಜಾರಿದರೆ ಎಲ್ಲವೂ ಓರೆಯಾಗಿ ಹಾರುವುದೆಂಬ ಭಯ ಇದರಲ್ಲಿ ಇದ್ದೇ ಇದೆ, ಹೊಸಬರಿಗೆ ಕೊಡುವುದಿಲ್ಲ. ಯಂತ್ರದ ಪರದೆ ಚಕ್ರದ ವೇಗವನ್ನು ಅಳೆಯುತ್ತದೆಯೇ ಹೊರತು ಹಿಡಿಯನ್ನಲ್ಲ. ಆದುದರಿಂದ ಹಿಡಿ ಬದಲಾದರೂ ಅವನ ಅಂಕಿಗಳು ಅವನವೇ. ಮೊದಲ ದಿನ 500 ಮೀಟರಿಗೆ 3 ನಿಮಿಷ 40 ಸೆಕೆಂಡು ಇದ್ದುದು ಜನವರಿಯ ಕೊನೆಗೆ 2 ನಿಮಿಷ 12ಕ್ಕೆ ಬಂದಿತು. ಈಗ ಅವನು ಪೊಲೀಸು ಕೆಲಸಕ್ಕೆ ಅರ್ಜಿ ಹಾಕಿದ್ದಾನೆ. ನನ್ನೊಡನೆ ಮೊದಲಿನಂತೆಯೇ ಮಾತಾಡುತ್ತಾನೆ. ಸೈನ್ಯದ ಮಾತು ಬಂದಾಗ ಮಾತ್ರ ನಾವಿಬ್ಬರೂ ಬೇರೆ ಕಡೆ ನೋಡುತ್ತೇವೆ.

ಫೆಬ್ರವರಿಯಲ್ಲಿ, ನಾವು ಮರೆತೇಬಿಟ್ಟಿದ್ದ ಅರ್ಜಿಗೆ ಉತ್ತರವಾಗಿ ಹೊಸ ಹಿಡಿ ಡಬ್ಬಿಯಲ್ಲಿ ಬಂದಿತು. ಬೀರುವಿನಲ್ಲಿದೆ. ತಡಸಲಿನ ಹಿಡಿಯ ನಡುವೆ ಅಪ್ಪ ಉಳಿಯಿಂದ ಅದನ್ನು ಕೂರಿಸಿದ ತಾರೀಖನ್ನು ಕೊರೆದಿದ್ದಾರೆ. ವರ್ಷ ತುಂಬಿದ ದಿನ ಅದನ್ನು ತೆಗೆದು ಡಬ್ಬಿಯಲ್ಲಿರುವುದನ್ನು ಹಾಕಬೇಕೆಂದು ಅವರ ಅಪ್ಪಣೆ. ಪ್ರತಿ ಸೋಮವಾರ ನಟ್ಟನ್ನು ಬಿಗಿದು, ಉಂಗುರವನ್ನೂ ಹಗ್ಗದ ಗಂಟುಗಳನ್ನೂ ನೋಡಿ ಪುಸ್ತಕದಲ್ಲಿ ರುಜು ಹಾಕುವ ಕೆಲಸ ನನ್ನದಾಗಿತ್ತು. ಪರೀಕ್ಷೆ ಮುಗಿಸಿ ನಾನು ಹೊರಡುವುದರಿಂದ ಎರಡನೆಯ ವರ್ಷದ ಹುಡುಗನೊಬ್ಬನಿಗೆ ಸ್ಪ್ಯಾನರನ್ನೂ ಪುಸ್ತಕವನ್ನೂ ಒಪ್ಪಿಸಿದ್ದೇನೆ. ಕಳೆದ ಸೋಮವಾರದ ರುಜು ಅವನದು.