ಹೊಸ ಕ್ಯಾಂಪರ್ ಸೋರಿದರೆ ಯಾರನ್ನು ಕೇಳಬೇಕು?

ಹೊಸ ಕಾರು ಪದೇ ಪದೇ ಕೆಟ್ಟರೆ ‘ಲೆಮನ್ ಲಾ’ ಇದೆ, ಕಂಪನಿಯವರು ವಾಪಸ್ ತಗೊಳ್ಳಲೇಬೇಕು ಎಂಬ ಮಾತು ಅಮೆರಿಕದಲ್ಲಿರುವ ನಮ್ಮವರಲ್ಲಿ ಬಹಳ ಮಂದಿಗೆ ಗೊತ್ತು. ಅದೇ ಧೈರ್ಯದಲ್ಲಿ ಫಿಫ್ತ್ ವೀಲ್ ಕ್ಯಾಂಪರ್ ಕೊಂಡು, ಮೊದಲ ಪ್ರವಾಸದಲ್ಲೇ ಸಿಂಕಿನ ಕೆಳಗೆ ನೀರು ಕಂಡವರಿಗೆ ಮೊದಲು ಹೇಳಬೇಕಾದದ್ದು ಕಹಿ ಸುದ್ದಿ. ಬಹಳಷ್ಟು ರಾಜ್ಯಗಳ ಲೆಮನ್ ಲಾ ಈ ಗಾಡಿಗೆ ಅನ್ವಯಿಸುವುದಿಲ್ಲ. ಫಿಫ್ತ್ ವೀಲ್‌ಗೆ ಸ್ವಂತ ಎಂಜಿನ್ ಇಲ್ಲ. ಪಿಕಪ್ ಟ್ರಕ್ಕಿನ ಹಿಂಭಾಗದಲ್ಲಿ ಕೂರಿಸಿದ ಹಿಚ್‌ಗೆ ಅದರ ಕಿಂಗ್‌ಪಿನ್ ಸಿಕ್ಕಿಸಿ ಎಳೆದುಕೊಂಡು ಹೋಗಬೇಕು. ತಾನಾಗಿ ಓಡದ್ದು ಆ ಕಾನೂನುಗಳ ಲೆಕ್ಕದಲ್ಲಿ ಮೋಟಾರು ವಾಹನವೇ ಅಲ್ಲ. ಕ್ಯಾಂಪರ್ ಉದ್ಯಮದ ತವರು ಎನಿಸಿಕೊಂಡಿರುವ ಎಲ್ಕಾರ್ಟ್ ಇರುವುದು ಇಂಡಿಯಾನಾದಲ್ಲಿ. ಆ ರಾಜ್ಯದ ಲೆಮನ್ ಲಾದಲ್ಲೂ ಇದಕ್ಕೆ ಜಾಗವಿಲ್ಲ.

ಹಾಗೆಂದು ಕೊಂಡವರು ಕೈಕಟ್ಟಿ ಕೂರಬೇಕಿಲ್ಲ. ಎರಡು ಗಟ್ಟಿ ಕಾನೂನುಗಳು ಬೆನ್ನಿಗಿವೆ. ಒಂದು, 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆ; ಇದು ಇಡೀ ದೇಶಕ್ಕೆ ಅನ್ವಯ. ಇನ್ನೊಂದು, ಯೂನಿಫಾರ್ಮ್ ಕಮರ್ಶಿಯಲ್ ಕೋಡ್‌ನ 2ನೇ ವಿಧಿ. ಸರಕು ಮಾರಾಟಕ್ಕೆ ಸಂಬಂಧಿಸಿದ ಇದನ್ನು ಲೂಯಿಸಿಯಾನಾ ಬಿಟ್ಟು ಉಳಿದೆಲ್ಲ ರಾಜ್ಯಗಳು ಒಪ್ಪಿಕೊಂಡಿವೆ. ಆದರೆ ಈ ಎರಡೂ ಕೆಲಸಕ್ಕೆ ಬರಬೇಕಾದರೆ ಕೊಂಡವರ ಕೈಯಲ್ಲಿ ಕಾಗದ ಇರಬೇಕು. ಡೀಲರಿಗೆ ಫೋನಿನಲ್ಲಿ ಎಷ್ಟು ಸಲ ಹೇಳಿದೆ ಎಂಬುದನ್ನು ಯಾವ ನ್ಯಾಯಾಲಯವೂ ಲೆಕ್ಕಕ್ಕೆ ಹಿಡಿಯುವುದು ಕಷ್ಟ. ಎಂದು, ಯಾರಿಗೆ, ಯಾವ ದೋಷವನ್ನು ಬರೆದು ತಿಳಿಸಿದಿರಿ ಎಂಬುದರ ಮೇಲೇ ಮುಂದಿನದೆಲ್ಲ ನಿಂತಿದೆ.

ಗಾಡಿ ಒಪ್ಪಿಸಿಕೊಳ್ಳುವ ದಿನದಿಂದಲೇ ಶುರುಮಾಡೋಣ. ಡೀಲರ್ ಅಂಗಳದಲ್ಲಿ ಕೀಲಿ ಕೈಗೆ ಕೊಡುವ ಮೊದಲು ಒಂದು ತಪಾಸಣೆ ಪಟ್ಟಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಪ್ರೀ-ಡೆಲಿವರಿ ಇನ್‌ಸ್ಪೆಕ್ಷನ್, ಬಾಯಲ್ಲಿ ಪಿಡಿಐ. ‘ಪ್ಲಂಬಿಂಗ್ ಪರೀಕ್ಷಿಸಲಾಗಿದೆ’ ಎಂಬ ಸಾಲಿನ ಮುಂದೆ ಟಿಕ್ ಮಾರ್ಕು ಆಗಲೇ ಬಿದ್ದಿರುತ್ತದೆ. ಆ ಸಾಲನ್ನು ನೀರು ಹಾಯಿಸಿ ನೋಡದೆ ಒಪ್ಪಬೇಡಿ. ಕೋಡ್‌ನ 2-316ನೇ ಕಲಂ ಪ್ರಕಾರ, ಪರೀಕ್ಷಿಸಿ ನೋಡಿ ಎಂದು ಮಾರುವವನು ಕೇಳಿಕೊಂಡಾಗ ಕೊಳ್ಳುವವನು ಬೇಡವೆಂದರೆ, ಆ ಪರೀಕ್ಷೆಯಲ್ಲಿ ಕಣ್ಣಿಗೆ ಬೀಳಬೇಕಿದ್ದ ದೋಷಗಳಿಗೆ ಸೂಚಿತ ವಾರಂಟಿ, ಅಂದರೆ ಬರೆದುಕೊಡದಿದ್ದರೂ ಕಾನೂನೇ ಇದೆಯೆಂದು ಎಣಿಸುವ ಭರವಸೆ, ಇರುವುದಿಲ್ಲ. ಊಟದ ಹೊತ್ತಾಯಿತು, ಮಕ್ಕಳು ಅಳುತ್ತಿವೆ ಎಂದು ಅವಸರದಲ್ಲಿ ಹೊರಟರೆ ನಷ್ಟ ನಿಮಗೇ. ಹೋಸು ಸಿಕ್ಕಿಸಿ ಎಲ್ಲ ನಲ್ಲಿ, ಷವರ್, ಕಮೋಡು ಓಡಿಸಬೇಕು. ಆಮೇಲೆ ಹೋಸು ತೆಗೆದು ಪಂಪಿನಿಂದ ಇನ್ನೊಮ್ಮೆ. ಸಿಂಕಿನ ಕೆಳಗಿನ ಬಾಗಿಲು ತೆರೆದು ಟಾರ್ಚು ಹಿಡಿದು ಕೈಯಾಡಿಸಬೇಕು. ಕಂಡ ದೋಷಗಳನ್ನು ಅದೇ ಹಾಳೆಯಲ್ಲಿ ಬರೆಸಿ, ಯಾವ ದಿನದೊಳಗೆ ಸರಿಮಾಡಿಕೊಡುತ್ತಾರೆ ಎಂಬುದಕ್ಕೆ ಡೀಲರ್ ಕಡೆಯವರ ಸಹಿ ಪಡೆಯಿರಿ. ಅಂಗಳದಲ್ಲೇ ಸೋರುವುದು ಕಂಡರೆ ಗಾಡಿ ಬೇಡ ಎನ್ನುವ ಹಕ್ಕು ನಿಮಗಿದೆ. 2-601ನೇ ಕಲಂ ಆ ಹಂತದಲ್ಲಿ ಕೊಳ್ಳುವವರ ಪರ ತುಂಬ ಕಟ್ಟುನಿಟ್ಟು. ಒಪ್ಪಿಸಿಕೊಂಡ ಮೇಲೆ ಬೇಡ ಎನ್ನಬೇಕಾದರೆ, ದೋಷದಿಂದ ಗಾಡಿಯ ಬೆಲೆಗೆ ಗಣನೀಯ ಧಕ್ಕೆ ಆಗಿದೆಯೆಂದು 2-608ರ ಅಡಿಯಲ್ಲಿ ತೋರಿಸಬೇಕಾಗುತ್ತದೆ. ಇದು ಹೆಚ್ಚು ಕಷ್ಟ.

ಮೂರು ದಿನದೊಳಗೆ ಯಾವುದನ್ನಾದರೂ ವಾಪಸ್ ಕೊಡಬಹುದು ಎಂಬ ನಂಬಿಕೆ ಬಿಡಿ. ಆ ನಿಯಮ ಮನೆ ಬಾಗಿಲಿಗೆ ಬಂದು ಮಾರುವವರನ್ನು ಕುರಿತದ್ದು. ಡೀಲರ್ ಅಂಗಡಿಗೆ ನೀವೇ ಹೋಗಿ ಕೊಂಡದ್ದಕ್ಕೆ ಅದು ಸಲ್ಲುವುದಿಲ್ಲ.

ಇನ್ನು ಸೋರಿಕೆಯ ವಿಷಯ. ಎಲ್ಲಿ ಸೋರುತ್ತಿದೆ ಎಂದು ಹೆಸರು ಹಿಡಿದು ಬರೆದ ದೂರಿಗೂ ‘ನೀರು ಲೀಕ್ ಆಗ್ತಿದೆ’ ಎಂಬ ದೂರಿಗೂ ಅಜಗಜಾಂತರ. ಡಲ್ಲಾಸ್ ಕಡೆಯ ಕನ್ನಡ ಕುಟುಂಬವೊಂದರ ಕಾಗದಪತ್ರ ನಾನು ಓದಿದ್ದೇನೆ. ವರ್ಕ್‌ಶಾಪಿನ ರಿಪೇರಿ ಆರ್ಡರಿನಲ್ಲಿ ಇದ್ದದ್ದು ಇಷ್ಟೇ: ‘ನೀರು ಸೋರುತ್ತದೆಂದು ಗ್ರಾಹಕರ ಹೇಳಿಕೆ. ಪರೀಕ್ಷೆಯಲ್ಲಿ ಕಂಡುಬರಲಿಲ್ಲ.’ ಗಾಡಿ ವಾರಗಟ್ಟಲೆ ಅಲ್ಲೇ ನಿಂತು ಹಾಗೇ ವಾಪಸ್ ಬಂತು. ಸೋರುತ್ತಿದ್ದುದು ಕ್ಯಾಂಪ್‌ಗ್ರೌಂಡಿನ ನಲ್ಲಿಗೆ ಹೋಸು ಹಾಕಿದಾಗ ಮಾತ್ರ. ಮೆಕ್ಯಾನಿಕ್ ನೋಡಿದ್ದು ಟ್ಯಾಂಕಿನ ನೀರಿನಿಂದ. ಇದನ್ನು ಮೊದಲೇ ಬರೆದುಕೊಟ್ಟಿದ್ದರೆ ‘ಕಂಡುಬರಲಿಲ್ಲ’ ಎನ್ನಲು ಅವಕಾಶವೇ ಇರುತ್ತಿರಲಿಲ್ಲ.

ಹೀಗಾಗಿ ಒಳಗಿನ ವ್ಯವಸ್ಥೆ ಸ್ವಲ್ಪ ಗೊತ್ತಿರಬೇಕು. ಶುದ್ಧ ನೀರಿನ ಟ್ಯಾಂಕಿನಿಂದ 12 ವೋಲ್ಟಿನ ಪಂಪು ನೀರೆತ್ತಿ, ಪೆಕ್ಸ್ ಎಂಬ ಪ್ಲಾಸ್ಟಿಕ್ ಪೈಪಿನಲ್ಲಿ ಹೀಟರಿಗೂ ನಲ್ಲಿಗಳಿಗೂ ಕಳಿಸುತ್ತದೆ. ಇದು ಒತ್ತಡದ ಕಡೆ. ಸಿಂಕ್, ಷವರಿನ ನೀರು ಗ್ರೇ ಟ್ಯಾಂಕಿಗೂ ಕಮೋಡಿನದು ಬ್ಲ್ಯಾಕ್ ಟ್ಯಾಂಕಿಗೂ ಇಳಿಯುವುದು ಇನ್ನೊಂದು ಕಡೆ. ನಲ್ಲಿಗಳೆಲ್ಲ ಮುಚ್ಚಿದ್ದರೂ ನಡುರಾತ್ರಿ ಪಂಪು ಆಗಾಗ ಗುರ್ರೆಂದು ಓಡಿ ನಿಲ್ಲುತ್ತಿದೆಯೇ? ಒತ್ತಡದ ಕಡೆ ಎಲ್ಲೋ ನೀರು ಜಿನುಗುತ್ತಿದೆ, ಇಲ್ಲವೇ ಪಂಪಿನ ಚೆಕ್ ವಾಲ್ವಿನಲ್ಲಿ ಹಿಂದಕ್ಕೆ ಹೋಗುತ್ತಿದೆ. ಸಿಂಕಿಗೆ ನೀರು ಬಿಟ್ಟಾಗ ಮಾತ್ರ ಕೆಳಗೆ ಒದ್ದೆಯಾದರೆ ಟ್ರ್ಯಾಪಿನ ನಟ್ಟು ನೋಡಿ. ಹೆದ್ದಾರಿಯ ಕುಲುಕಾಟಕ್ಕೆ ಆ ಪ್ಲಾಸ್ಟಿಕ್ ನಟ್ಟು ಸಡಿಲವಾಗುವುದು ಮಾಮೂಲು. ಹೋಸು ಹಾಕಿದಾಗ ಶುದ್ಧ ನೀರಿನ ಟ್ಯಾಂಕು ತಾನೇ ತುಂಬಿಕೊಂಡರೂ ಚೆಕ್ ವಾಲ್ವಿನ ಮೇಲೇ ಅನುಮಾನ. ಸೀವರ್ ಹೋಸು ಹಾಕಲು ಮುಚ್ಚಳ ತಿರುಗಿಸಿದೊಡನೆ ಹೊಲಸು ನೀರು ಕಾಲಮೇಲೆ ಸುರಿದರೆ ಟ್ಯಾಂಕಿನ ವಾಲ್ವು ಪೂರ್ತಿ ಮುಚ್ಚುತ್ತಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಗಾಡಿಯ ತಳ. ಅಲ್ಲಿ ಹೊದಿಸಿದ ಪ್ಲಾಸ್ಟಿಕ್ ಹಾಳೆ ಒಂದು ಕಡೆ ಹೊಟ್ಟೆ ಬಿಟ್ಟಂತೆ ಜೋತಿದ್ದರೆ ಮೇಲೆ ನೀರು ನಿಂತಿದೆ, ನೆಲದ ಹಲಗೆ ನೆನೆಯುತ್ತಿದೆ ಎಂದೇ ತಿಳಿಯಿರಿ. ಮುಗ್ಗಲು ವಾಸನೆ ಆಮೇಲೆ ಬರುತ್ತದೆ.

ಇದನ್ನೆಲ್ಲ ವಿಡಿಯೋ ಮಾಡಿ. ಒತ್ತಡದ ಮಾಪಕವೂ ಚಿತ್ರದಲ್ಲಿ ಬರಲಿ, ಏಕೆಂದರೆ ಕಂಪನಿಯವರ ಮೊದಲ ಉತ್ತರ ಸಾಮಾನ್ಯವಾಗಿ ‘ಕ್ಯಾಂಪ್‌ಗ್ರೌಂಡಿನ ನೀರಿನ ಒತ್ತಡ ಜಾಸ್ತಿಯಾಗಿತ್ತು’ ಎಂಬುದು. ರೆಗ್ಯುಲೇಟರ್ ಹಾಕಿ 40ರಿಂದ 60 ಪಿಎಸ್‌ಐ ಒಳಗೆ ಇಟ್ಟುಕೊಳ್ಳುವುದು ಅಲ್ಲಿ ವಾಡಿಕೆ. ಅದನ್ನು ಕೊಂಡ ರಸೀದಿ ಎಸೆಯಬೇಡಿ. ಚಳಿಗಾಲಕ್ಕೆ ಮುನ್ನ ಪೈಪುಗಳ ನೀರು ಖಾಲಿ ಮಾಡಿ ಗುಲಾಬಿ ಬಣ್ಣದ ಆ್ಯಂಟಿಫ್ರೀಜ್ ತುಂಬಿಸಿದ್ದಕ್ಕೂ ದಾಖಲೆ ಇರಲಿ. ಹೆಪ್ಪುಗಟ್ಟಿ ಒಡೆದ ಪೈಪನ್ನು ವಾರಂಟಿ ಸಾಮಾನ್ಯವಾಗಿ ಹೊರಗಿಡುತ್ತದೆ. ಟೆಕ್ಸಾಸ್‌ನಲ್ಲಿ ಅಂಥ ಚಳಿ ಎಲ್ಲಿ ಎನ್ನುವವರು 2021ರ ಫೆಬ್ರುವರಿಯನ್ನು ನೆನೆಸಿಕೊಳ್ಳಲಿ. ಸೋರಿಕೆ ಕಂಡ ಮೇಲೆ ನೀರು ನಿಲ್ಲಿಸಿ ಒರೆಸಿ ಒಣಗಿಸುವುದು ನಿಮ್ಮದೇ ಹೊಣೆ. ಹಾಗೇ ಬಿಟ್ಟು ಹೆಚ್ಚಿದ ಹಾನಿಯನ್ನು ಯಾರೂ ತುಂಬಿಕೊಡುವುದಿಲ್ಲ. ನಟ್ಟು ಬಿಗಿ ಮಾಡುವುದಾದರೂ ಚಿತ್ರ ತೆಗೆದ ಮೇಲೆ ಮಾಡಿ.

ದೂರು ಹೋಗಬೇಕಾದ್ದು ಡೀಲರಿಗೆ ಮಾತ್ರವಲ್ಲ, ತಯಾರಕ ಕಂಪನಿಗೂ. ಇಮೇಲ್ ಜೊತೆಗೆ ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ, ಸ್ವೀಕೃತಿ ಬೇಕೆಂದು ಗುರುತು ಹಾಕಿ. ನಮ್ಮೂರಿನಲ್ಲಿ ಮೊದಲು ಇದ್ದ ರಿಜಿಸ್ಟರ್ಡ್ ಎಡಿ ಅಂಚೆಯ ಹಾಗೆ. ದೋಷ ಗೊತ್ತಾದ ಮೇಲೆ ಸಮಂಜಸ ಅವಧಿಯೊಳಗೆ ಮಾರಿದವನಿಗೆ ತಿಳಿಸದಿದ್ದರೆ ಪರಿಹಾರದ ಹಕ್ಕೇ ಹೋಗುತ್ತದೆ ಎನ್ನುತ್ತದೆ 2-607ನೇ ಕಲಂ. ಗಾಡಿ ಬಿಟ್ಟ ಪ್ರತಿ ಸಲವೂ, ಏನೂ ಸಿಗಲಿಲ್ಲ ಎಂದರೂ, ಬಿಟ್ಟ ತಾರೀಖು ಪಡೆದ ತಾರೀಖು ಇರುವ ರಿಪೇರಿ ಆರ್ಡರ್ ಕೇಳಿ ತೆಗೆದುಕೊಳ್ಳಿ. ಹೀಟರ್, ಪಂಪು, ಕಮೋಡುಗಳಿಗೆ ಅವುಗಳ ತಯಾರಕರದೇ ಬೇರೆ ವಾರಂಟಿ ಇರುವುದುಂಟು. ಕಂಪನಿಯವರು ‘ಅದು ನಮ್ಮದಲ್ಲ’ ಎಂದರೆ ಆ ಕಾಗದ ಹುಡುಕಿ ಅಲ್ಲಿಗೂ ಬರೆಯಿರಿ.

ಮ್ಯಾಗ್ನುಸನ್-ಮಾಸ್ ಕಾಯ್ದೆ ಕೊಡುವ ರಕ್ಷಣೆಗಳಲ್ಲಿ ಕ್ಯಾಂಪರ್ ಕೊಂಡವರಿಗೆ ಮುಖ್ಯವಾದವು ಕೆಲವು. ಲಿಖಿತ ವಾರಂಟಿ ಕೊಟ್ಟ ಕಂಪನಿ, ಸರಕು ಸಾಮಾನ್ಯ ಬಳಕೆಗೆ ಯೋಗ್ಯವಾಗಿರುತ್ತದೆ ಎಂಬ ಸೂಚಿತ ವಾರಂಟಿಯನ್ನು ಪೂರ್ತಿ ಅಳಿಸಿಹಾಕುವಂತಿಲ್ಲ. ‘ಲಿಮಿಟೆಡ್’ ಎಂದು ಕರೆದ ವಾರಂಟಿಯಲ್ಲಿ ಅದರ ಅವಧಿಯನ್ನಷ್ಟೇ ತನ್ನ ವಾರಂಟಿಯ ಅವಧಿಗೆ ಸೀಮಿತಗೊಳಿಸಬಹುದು. ಡೀಲರ್ ‘ಇದ್ದದ್ದು ಇದ್ದ ಹಾಗೆ’ ಎಂದು ಬರೆಸಿಕೊಂಡಿದ್ದರೂ, ತಾನೇ ನಿಮ್ಮೊಂದಿಗೆ ಮಾರಾಟದ ಹೊತ್ತಿಗೆ ಅಥವಾ 90 ದಿನದೊಳಗೆ ಸರ್ವಿಸ್ ಕಾಂಟ್ರಾಕ್ಟ್ ಮಾಡಿಕೊಂಡಿದ್ದರೆ ಆ ಬರಹ ನಿಲ್ಲುವುದಿಲ್ಲ. ಬೇರೆ ಬ್ರಾಂಡಿನ ಬಿಡಿಭಾಗ ಹಾಕಿದಿರಿ ಎಂಬ ಒಂದೇ ಕಾರಣಕ್ಕೆ ವಾರಂಟಿ ರದ್ದು ಎನ್ನುವಂತಿಲ್ಲ. ಗೆದ್ದರೆ ವಕೀಲರ ಶುಲ್ಕವನ್ನೂ ನ್ಯಾಯಾಲಯ ಎದುರಿನವರಿಂದ ಕೊಡಿಸಬಹುದು. ದಾವೆ ಹೂಡಲು ಹಿಂಜರಿಯುವವರಿಗೆ ಇದು ದೊಡ್ಡ ಆಸರೆ. ಫೆಡರಲ್ ನ್ಯಾಯಾಲಯಕ್ಕೆ ಈ ಕಾಯ್ದೆಯ ಬಲದಲ್ಲಿ ಹೋಗಬೇಕಾದರೆ ದಾವೆಯ ಮೊತ್ತ ಕನಿಷ್ಠ 50,000 ಡಾಲರ್ ಇರಬೇಕು. ಅದಕ್ಕಿಂತ ಕಡಿಮೆಯಾದರೆ ರಾಜ್ಯದ ನ್ಯಾಯಾಲಯ. ಇದಕ್ಕೆಲ್ಲ ಮುನ್ನ ಕಂಪನಿಗೆ ಸರಿಪಡಿಸಲು ನ್ಯಾಯವಾದ ಅವಕಾಶ ಕೊಟ್ಟಿರಲೇಬೇಕು.

ನಮ್ಮವರು ಹೆಚ್ಚಾಗಿರುವ ಎರಡು ರಾಜ್ಯಗಳಲ್ಲಿ ಸ್ಥಿತಿ ಸ್ವಲ್ಪ ಮೇಲು. ಟೆಕ್ಸಾಸ್‌ನ ಲೆಮನ್ ಲಾ ಎಳೆದೊಯ್ಯುವ ಕ್ಯಾಂಪರುಗಳನ್ನೂ ಒಳಗೊಂಡಿದೆ. ಕೊಂಡ 24 ತಿಂಗಳೊಳಗೆ ಒಂದೇ ದೋಷಕ್ಕೆ ನಾಲ್ಕು ಸಲ ರಿಪೇರಿಗೆ ಬಿಟ್ಟಿದ್ದರೆ, ಅಥವಾ ಒಟ್ಟು 30 ದಿನ ಗಾಡಿ ವರ್ಕ್‌ಶಾಪಿನಲ್ಲೇ ಇದ್ದಿದ್ದರೆ ದೂರಿಗೆ ಆಧಾರ ಸಿಗುತ್ತದೆ. ರಿಪೇರಿ ಆರ್ಡರಿನ ಬೆಲೆ ಗೊತ್ತಾಗುವುದು ಇಲ್ಲೇ. ತಯಾರಕರಿಗೆ ಲಿಖಿತ ನೋಟಿಸ್ ಕೊಟ್ಟ ಮೇಲೆ 35 ಡಾಲರ್ ಶುಲ್ಕ ಕಟ್ಟಿ ಅಲ್ಲಿನ ಮೋಟಾರು ವಾಹನ ಇಲಾಖೆಗೆ ದೂರು ಕೊಡಬಹುದು. ಆದರೆ ಗಡುವಿದೆ: ವಾರಂಟಿ ಅಥವಾ 24 ತಿಂಗಳು, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಂದ ಆರು ತಿಂಗಳು. ಡೀಲರ್ ‘ಬೇಸಿಗೆ ಸೀಸನ್ ಮುಗೀಲಿ, ಮಾಡಿಕೊಡೋಣ’ ಎನ್ನುತ್ತಾ ದಿನ ದೂಡುವಾಗ ಈ ಗಡುವು ನೆನಪಿರಲಿ. ಅದೇ ರಾಜ್ಯದ ವಂಚಕ ವ್ಯಾಪಾರ ತಡೆ ಕಾಯ್ದೆಯಡಿ ದಾವೆಗೆ ಹೋಗುವುದಾದರೆ 60 ದಿನ ಮೊದಲೇ ಲಿಖಿತ ನೋಟಿಸ್ ಕೊಡಬೇಕು.

ಕ್ಯಾಲಿಫೋರ್ನಿಯಾದಲ್ಲಿ ಸಾಂಗ್-ಬೆವರ್ಲಿ ಕಾಯ್ದೆ ಫಿಫ್ತ್ ವೀಲ್ ಅನ್ನು ವಾಹನ ಎಂದಲ್ಲ, ಗ್ರಾಹಕ ಸರಕು ಎಂದು ಎಣಿಸುತ್ತದೆ. ರಿಪೇರಿ 30 ದಿನದೊಳಗೆ ಮುಗಿಯಬೇಕು. ತಯಾರಕರ ಕೈಮೀರಿದ ಕಾರಣಕ್ಕೆ ತಡವಾದರೆ ಮಾತ್ರ ವಿನಾಯಿತಿ. ಹಲವು ಸಲ ಯತ್ನಿಸಿಯೂ ಸರಿಯಾಗದಿದ್ದರೆ ಬದಲಿ ಅಥವಾ ಹಣ ವಾಪಸ್. ರಿಪೇರಿಯಲ್ಲಿ ಕಳೆದ ದಿನಗಳಷ್ಟು ವಾರಂಟಿ ಮುಂದಕ್ಕೆ ಹೋಗುತ್ತದೆ ಎಂಬ ಅನುಕೂಲವೂ ಅಲ್ಲಿದೆ.

ಸಿಟ್ಟಿಗೆದ್ದು ಸಾಲದ ಕಂತು ನಿಲ್ಲಿಸಬೇಡಿ. ಗಾಡಿ ಜಪ್ತಿಯಾಗುತ್ತದೆ, ಕ್ರೆಡಿಟ್ ಸ್ಕೋರ್ ನೆಲಕಚ್ಚುತ್ತದೆ. ಬದಲು ಸಾಲದ ಕಾಗದದಲ್ಲಿ ಫೆಡರಲ್ ಟ್ರೇಡ್ ಕಮಿಷನ್‌ನ ‘ಹೋಲ್ಡರ್’ ಸೂಚನೆ ಇದೆಯೇ ನೋಡಿ. ಡೀಲರೇ ಮುಂದೆ ನಿಂತು ಮಾಡಿಸಿಕೊಟ್ಟ ಸಾಲವಾದರೆ ಅದು ಇರಬೇಕು. ಇದ್ದರೆ ಡೀಲರ್ ವಿರುದ್ಧದ ನಿಮ್ಮ ತಕರಾರನ್ನು ಸಾಲ ಕೊಟ್ಟವರ ಮುಂದೆಯೂ ಎತ್ತಬಹುದು. ವಾಪಸ್ ಸಿಗುವುದು ನೀವು ಕಟ್ಟಿದಷ್ಟು ಮೊತ್ತದ ಮಿತಿಯಲ್ಲಿ. ನೀವೇ ಬೇರೆ ಬ್ಯಾಂಕಿಗೆ ಹೋಗಿ ತಂದ ಸಾಲಕ್ಕೆ ಸಾಮಾನ್ಯವಾಗಿ ಈ ದಾರಿ ಇಲ್ಲ. ಕಂತಿನ ಭಾರ ಇಳಿಸಲು ವಾರಾಂತ್ಯಕ್ಕೆ ಬಾಡಿಗೆಗೆ ಬಿಡೋಣ ಎನ್ನುವ ಆಲೋಚನೆಯೂ ನಮ್ಮವರಲ್ಲಿ ಬೇಗ ಮೊಳೆಯುತ್ತದೆ. ಆದರೆ ಅನೇಕ ವಾರಂಟಿಗಳು ಬಾಡಿಗೆ ಬಳಕೆಯನ್ನೂ ಕಾಯಂ ವಾಸವನ್ನೂ ಹೊರಗಿಟ್ಟಿರುತ್ತವೆ. ಅಪ್ಪ ಅಮ್ಮ ಊರಿಂದ ಬಂದು ಒಂದು ವಾರ ಯೆಲ್ಲೋಸ್ಟೋನ್‌ನಲ್ಲಿ ಉಳಿದರೆ ಕಾಯಂ ವಾಸವೇನೂ ಆಗುವುದಿಲ್ಲ, ಬಿಡಿ.

ಸಹಿ ಹಾಕುವ ಮೊದಲು ವಾರಂಟಿ ಪುಸ್ತಕವನ್ನು ಕೇಳಿ ಓದುವುದು ನಿಮ್ಮ ಹಕ್ಕು; ಕಮಿಷನ್‌ನ ನಿಯಮವೇ ಹಾಗಿದೆ. ಕೊನೆಯ ಪುಟಗಳಲ್ಲಿ ಮೂರು ಸಂಗತಿ ಹುಡುಕಿ. ದಾವೆ ಇಂಥ ರಾಜ್ಯದಲ್ಲೇ ಹೂಡಬೇಕೆಂಬ ಷರತ್ತು. ಎಷ್ಟೋ ಸಲ ಅದು ಇಂಡಿಯಾನಾ. ದಾವೆಯ ಕಾಲಮಿತಿ, ಕೋಡ್ ಪ್ರಕಾರ ನಾಲ್ಕು ವರ್ಷ, ಆದರೆ ಒಪ್ಪಂದದಲ್ಲಿ ಒಂದು ವರ್ಷದವರೆಗೂ ಇಳಿಸಬಹುದು. ಮತ್ತೆ ಕಡ್ಡಾಯ ಆರ್ಬಿಟ್ರೇಷನ್. ವಾರಂಟಿ ವಿವಾದದಲ್ಲೂ ಇಂಥ ಷರತ್ತು ನಡೆಯುತ್ತದೆಂದು 2002ರಲ್ಲಿ ಎರಡು ಫೆಡರಲ್ ಮೇಲ್ಮನವಿ ನ್ಯಾಯಾಲಯಗಳು ಹೇಳಿವೆ. ಅವುಗಳಲ್ಲೊಂದರ ವ್ಯಾಪ್ತಿಗೆ ಟೆಕ್ಸಾಸ್ ಬರುತ್ತದೆ, ಎರಡೂ ಪ್ರಕರಣಗಳು ಮೊಬೈಲ್ ಮನೆಗಳ ಬಗೆಗಿನವೇ.

ಮೊತ್ತ ಸಣ್ಣದಾದರೆ, ನೆಂದ ಹಲಗೆ ಬದಲಿಸಿದ ಖರ್ಚಷ್ಟೇ ಬೇಕಿದ್ದರೆ, ವಕೀಲರಿಲ್ಲದೆ ಸ್ಮಾಲ್ ಕ್ಲೇಮ್ಸ್ ನ್ಯಾಯಾಲಯಕ್ಕೆ ಹೋಗಬಹುದು. ಟೆಕ್ಸಾಸ್‌ನಲ್ಲಿ ಮಿತಿ 20,000 ಡಾಲರ್, ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ವ್ಯಕ್ತಿಗೆ 12,500. ಎಚ್-1ಬಿ ವೀಸಾದವರು ಇಂಥದ್ದಕ್ಕೆಲ್ಲ ಹೋದರೆ ಗ್ರೀನ್ ಕಾರ್ಡಿಗೆ ತೊಡಕಾಗುತ್ತದೆ ಎಂದು ಅಂಜುವವರಿದ್ದಾರೆ. ಗ್ರಾಹಕನಾಗಿ ಸಿವಿಲ್ ದಾವೆ ಹೂಡಲು ಪೌರತ್ವ ಬೇಕಿಲ್ಲ. ವಾರಂಟಿ ಕಾಯ್ದೆ ಕೊಂಡವರ ಪಾಸ್‌ಪೋರ್ಟನ್ನು ಕೇಳುವುದಿಲ್ಲ, ಖರೀದಿಯ ಬಿಲ್ಲನ್ನು ಕೇಳುತ್ತದೆ.