ಕಂಪನಿ ವರದಿಯಲ್ಲಿ ಮಕ್ಕಳನ್ನು ಹುಡುಕುವುದು ಹೇಗೆ?

ಶಾಲೆಗೆ ಬೆಂಚು ಕೊಟ್ಟ ಫೋಟೊ ನೋಡಿ ‘ಈ ಕಂಪನಿ ಮಕ್ಕಳ ಪರ’ ಎಂದು ತೀರ್ಮಾನಿಸುವವರು ಬಹಳ. ಅದು ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಖರ್ಚು, ಲಾಭ ಬಂದ ಮೇಲೆ ಕೊಟ್ಟದ್ದು. ಲಾಭ ಬಂದ ದಾರಿಯಲ್ಲಿ ಮಕ್ಕಳಿಗೇನಾಯಿತು ಎಂಬುದನ್ನು ಬೇರೆ ಕಡೆ ಹುಡುಕಬೇಕು. ಷೇರುಪೇಟೆಯ ಮೊದಲ 1000 ಕಂಪನಿಗಳಿಗೆ ಸೆಬಿ 2022–23ರಿಂದ ಬಿಆರ್‌ಎಸ್‌ಆರ್ (ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆ) ವರದಿ ಕಡ್ಡಾಯ ಮಾಡಿದೆ. ಅದನ್ನು ಇಳಿಸಿಕೊಂಡು ನೇರ ಮಾನವ ಹಕ್ಕುಗಳ ಕುರಿತ ಐದನೇ ತತ್ವಕ್ಕೆ ಹೋಗಿ.

ಬಾಲಕಾರ್ಮಿಕ ದೂರು ‘ಶೂನ್ಯ’, ತಪಾಸಣೆಯಾದ ಘಟಕಗಳು ‘ಶೇ 100’ ಎಂದಿದ್ದರೆ ಅಲ್ಲಿಗೇ ನಿಲ್ಲಬೇಡಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ಆ ಶೇಕಡಾವಾರು ಕಂಪನಿಯ ಸ್ವಂತ ಘಟಕ, ಕಚೇರಿಗಳದ್ದು. ರೇಷ್ಮೆಯನ್ನೇ ನೋಡಿ: ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾದ ರೇಷ್ಮೆಗೂಡು ನೂಲು ಬಿಚ್ಚಾಣಿಕೆ ಘಟಕಕ್ಕೆ, ಅಲ್ಲಿಂದ ಹುರಿ ಯಂತ್ರಕ್ಕೆ, ಆಮೇಲೆ ಮಗ್ಗಕ್ಕೆ ಹೋಗುತ್ತದೆ. ಈ ಸಣ್ಣ ಘಟಕಗಳು ಷೇರುಪೇಟೆಯಲ್ಲಿಲ್ಲ. ಹ್ಯೂಮನ್ ರೈಟ್ಸ್ ವಾಚ್ 2003ರ ವರದಿಯಲ್ಲಿ, ಕುದಿನೀರಿಗೆ ಕೈಹಾಕಿ ಎಳೆ ತೆಗೆಯುತ್ತಿದ್ದ ಕರ್ನಾಟಕದ ಮಕ್ಕಳನ್ನು ದಾಖಲಿಸಿದ್ದು ಇಂಥ ಕಡೆಗಳಲ್ಲೇ. ಆ ಸ್ಥಿತಿ ಇಂದೂ ಹಾಗೇ ಇದೆ ಎನ್ನಲಾಗದು. ಇಲ್ಲವೆಂದು ತೋರಿಸುವ ಹೊಣೆ ಮಾತ್ರ ಮಾಲು ಕೊಳ್ಳುವ ಕಂಪನಿಯದು. ಆದ್ದರಿಂದ ಅದೇ ತತ್ವದ ಐಚ್ಛಿಕ ಭಾಗಕ್ಕೆ ಇಳಿಯಿರಿ. ಪೂರೈಕೆದಾರರಲ್ಲಿ ಎಷ್ಟು ಪಾಲು ತಪಾಸಣೆಯಾಗಿದೆ ಎಂಬ ಅಂಕಿ ಅಲ್ಲಿರಬೇಕು. ಅದು ಖಾಲಿಯಿದ್ದರೆ ಮೇಲಿನ ಶೂನ್ಯಕ್ಕೆ ತೂಕವಿಲ್ಲ. ತುಂಬಿದ್ದರೂ ಎಚ್ಚರ: ಲೆಕ್ಕ ವಹಿವಾಟಿನ ಮೌಲ್ಯದ್ದು. ನಾಲ್ಕು ದೊಡ್ಡ ಪೂರೈಕೆದಾರರನ್ನು ನೋಡಿಯೇ ಶೇ 80 ಬರೆಯಬಹುದು. ಮಕ್ಕಳು ದುಡಿಯುವ ಸಾಧ್ಯತೆ ಉಳಿದ ಸಣ್ಣವರಲ್ಲೇ ಹೆಚ್ಚು.

ಇಂಥ ಪ್ರತಿ ಸಣ್ಣ ಘಟಕಕ್ಕೂ ಕಂಪನಿಗೆ ಹೋಗಲಾದೀತೇ ಎಂಬ ಆಕ್ಷೇಪವಿದೆ. ನೂಲಿನ ಡೆನಿಯರ್ (ದಪ್ಪದ ಅಳತೆ) ತಪ್ಪಿದರೆ ಮಾಲನ್ನು ಹಿಂದಕ್ಕೆ ಕಳಿಸಬಲ್ಲವರು, ಅದನ್ನು ಬಿಚ್ಚಿದ ಕೈಗಳ ವಯಸ್ಸನ್ನೂ ಕೇಳಬಲ್ಲರು. ಮನೆಯ ಕಸುಬಿನಲ್ಲಿ ಮಕ್ಕಳು ನೆರವಾಗುವುದು ತಪ್ಪೇ ಎಂಬುದು ಇನ್ನೊಂದು. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ, ಬಾಲ ಕಲಾವಿದರನ್ನು ಬಿಟ್ಟರೆ, 14ರೊಳಗಿನವರಿಗೆ ಶಾಲೆಯ ಸಮಯದ ಆಚೆ, ಅಪಾಯವಿಲ್ಲದ ಕುಟುಂಬದ ಕೆಲಸಕ್ಕಷ್ಟೇ ಅವಕಾಶ ಕೊಟ್ಟಿದೆ. 14ರಿಂದ 18ರವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ. ವಯಸ್ಸನ್ನು ಯಾವ ದಾಖಲೆಯಿಂದ ಪರಿಶೀಲಿಸುತ್ತಾರೆಂದು ಹೇಳದ ವರದಿಯನ್ನು ನಂಬಬೇಡಿ.

ಮೂರನೇ ತತ್ವವನ್ನೂ ಓದಿ: ಹೆರಿಗೆ ಸೌಲಭ್ಯ, ಶಿಶುಪಾಲನಾ ಕೇಂದ್ರದ ವಿವರ ಅಲ್ಲಿದೆ. 50 ಮತ್ತು ಹೆಚ್ಚು ನೌಕರರಿರುವಲ್ಲಿ ಈ ಕೇಂದ್ರ ಕಡ್ಡಾಯ. ಜಾಹೀರಾತು, ಉತ್ಪನ್ನ ಸುರಕ್ಷತೆಯನ್ನು ಅಳೆಯಲು ಯುನಿಸೆಫ್ ಮತ್ತಿತರರು 2012ರಲ್ಲಿ ರೂಪಿಸಿದ ಹತ್ತು ತತ್ವಗಳಿವೆ. ಉತ್ತರ ಸಿಗದಿದ್ದರೆ ಕಂಪನಿ ಕಾರ್ಯದರ್ಶಿಗೆ ಬರೆಯಿರಿ. ಷೇರು ಇದ್ದರೆ ವಾರ್ಷಿಕ ಸಭೆಯಲ್ಲಿ ಕೇಳಿ. ದುಡಿಯುತ್ತಿರುವ ಮಗು ಕಣ್ಣಿಗೆ ಬಿದ್ದರೆ ವರದಿಗೆ ಕಾಯದೆ 1098ಕ್ಕೆ ಕರೆ ಮಾಡಿ.