ಸಣ್ಣ ವ್ಯಾಪಾರಕ್ಕೆ ವರ್ಚುವಲ್ ಅಸಿಸ್ಟೆಂಟ್: ಕೆಲಸ ಹಂಚಬಹುದು, ಹೊಣೆ ಹಂಚಲಾಗದು

ವ್ಯವಹಾರ ಅಧ್ಯಯನದ ತರಗತಿಯಲ್ಲಿ ನಾವು ‘ಹೊರಗುತ್ತಿಗೆ’, ‘ಅಧಿಕಾರ ನಿಯೋಜನೆ’, ‘ಉತ್ತರದಾಯಿತ್ವ’ ಎಂಬ ಪದಗಳನ್ನು ಬೇರೆ ಬೇರೆ ಪಾಠಗಳಲ್ಲಿ ಓದುತ್ತೇವೆ. ಒಬ್ಬ ಸಣ್ಣ ವ್ಯಾಪಾರಿ ತನ್ನ ಕೆಲಸಕ್ಕೆ ವರ್ಚುವಲ್ ಅಸಿಸ್ಟೆಂಟ್ ಇಟ್ಟುಕೊಳ್ಳಲು ಹೊರಟರೆ ಈ ಮೂರೂ ಒಟ್ಟಿಗೇ ಎದುರಾಗುತ್ತವೆ. ನಮ್ಮಲ್ಲಿ ಅನೇಕರ ಮನೆಯವರು ಅಂಗಡಿ, ಹೊಲಿಗೆ, ಬೇಕರಿ, ಸಗಟು ವ್ಯಾಪಾರ ನಡೆಸುವವರೇ. ಆದ್ದರಿಂದ ಈ ವಿಷಯವನ್ನು ಪರೀಕ್ಷೆಗಾಗಿ ಮಾತ್ರವಲ್ಲ, ಮನೆಯ ಉಪಯೋಗಕ್ಕಾಗಿಯೂ ತಿಳಿದುಕೊಳ್ಳೋಣ.

ವರ್ಚುವಲ್ ಅಸಿಸ್ಟೆಂಟ್ ಎಂದರೆ ಯಾರು?

ಅಂಗಡಿಗೆ ಬಾರದೆ, ತಾನಿರುವ ಊರಿನಿಂದಲೇ ಫೋನ್ ಮತ್ತು ಇಂಟರ್ನೆಟ್ ಮೂಲಕ ಕಚೇರಿ ಕೆಲಸ ಮಾಡಿಕೊಡುವ ವ್ಯಕ್ತಿಗೆ ಈ ಹೆಸರು. ಗ್ರಾಹಕರ ಸಂದೇಶಗಳಿಗೆ ಉತ್ತರಿಸುವುದು, ಆರ್ಡರ್ ದಾಖಲಿಸುವುದು, ಬಿಲ್ ತಯಾರಿಸುವುದು, ಇನ್‌ಸ್ಟಾಗ್ರಾಂನಲ್ಲಿ ಫೋಟೊ ಹಾಕುವುದು, ಕೊರಿಯರ್ ಎಲ್ಲಿಗೆ ತಲುಪಿದೆ ಎಂದು ನೋಡುವುದು ಇವರ ಸಾಮಾನ್ಯ ಕೆಲಸಗಳು. ಸಂಬಳ ತಿಂಗಳಿಗೆ, ಗಂಟೆಗೆ ಅಥವಾ ಕೆಲಸಕ್ಕೆ ಇಷ್ಟು ಎಂದು ನಿಗದಿಯಾಗುತ್ತದೆ. ಅಲೆಕ್ಸಾದಂಥ ಯಂತ್ರ ಸಹಾಯಕರಿಗೂ ಇದೇ ಹೆಸರು ಬಳಕೆಯಲ್ಲಿದೆ. ಈ ಲೇಖನದಲ್ಲಿ ಮನುಷ್ಯ ಸಹಾಯಕರ ವಿಷಯ ಮಾತ್ರ.

ಈ ಪದ್ಧತಿಗೂ ಕರ್ನಾಟಕಕ್ಕೂ ಹಳೆಯ ನಂಟಿದೆ. 2005ರಲ್ಲಿ ಎ. ಜೆ. ಜೇಕಬ್ಸ್ ಎಂಬ ಅಮೆರಿಕದ ಲೇಖಕ ಬೆಂಗಳೂರಿನ ಸಂಸ್ಥೆಯೊಂದರ ಮೂಲಕ ಸಹಾಯಕರನ್ನು ಪಡೆದು, ತನ್ನ ದಿನನಿತ್ಯದ ಕೆಲಸಗಳನ್ನು ಅವರಿಗೆ ಒಪ್ಪಿಸಿ, ಆ ಅನುಭವವನ್ನು ‘ಎಸ್ಕ್ವೈರ್’ ಪತ್ರಿಕೆಯಲ್ಲಿ ಬರೆದ. 2007ರಲ್ಲಿ ಬಂದ ಟಿಮ್ ಫೆರಿಸ್ ಅವರ ‘ದ ಫೋರ್ ಅವರ್ ವರ್ಕ್‌ವೀಕ್’ ಪುಸ್ತಕ ಈ ವಿಚಾರವನ್ನು ಇನ್ನಷ್ಟು ಜನರಿಗೆ ತಲುಪಿಸಿತು. ಅಂದು ಇಲ್ಲಿನವರು ಹೊರದೇಶದವರ ಕೆಲಸ ಮಾಡಿಕೊಡುತ್ತಿದ್ದರು. ಇಂದು ನಮ್ಮ ಪಟ್ಟಣಗಳ ಸಣ್ಣ ವ್ಯಾಪಾರಿಗಳೂ ಇಂಥ ಸಹಾಯ ಪಡೆಯಬಹುದು.

ಒಂದು ಉದಾಹರಣೆ

ಬೆಂಗಳೂರು–ಮೈಸೂರು ದಾರಿಯಲ್ಲಿರುವ ಚನ್ನಪಟ್ಟಣ ಮರದ ಆಟಿಕೆಗಳಿಗೆ ಹೆಸರಾದ ಊರು. ಮರವನ್ನು ಲೇತ್‌ನಲ್ಲಿ ತಿರುಗಿಸಿ, ಬಣ್ಣದ ಅರಗು ಹಚ್ಚಿ ಮಾಡುವ ಈ ಆಟಿಕೆಗಳಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ಅಲ್ಲಿ ಆಟಿಕೆ ತಯಾರಿಸಿ ವಾಟ್ಸಾಪ್ ಮೂಲಕ ಮಾರುವ ಒಬ್ಬ ಮಾಲೀಕರನ್ನು ಊಹಿಸಿಕೊಳ್ಳಿ. ಹಗಲು ಲೇತ್ ಮುಂದೆ ಕೂರುತ್ತಾರೆ, ರಾತ್ರಿ ಹನ್ನೊಂದರವರೆಗೆ ಸಂದೇಶಗಳಿಗೆ ಉತ್ತರ ಬರೆಯುತ್ತಾರೆ. ಬೆಳಿಗ್ಗೆ ಕೇಳಿದ ಗ್ರಾಹಕರಿಗೆ ಉತ್ತರ ರಾತ್ರಿ ಸಿಗುತ್ತದೆ. ಅಷ್ಟರಲ್ಲಿ ಅವರು ಬೇರೆ ಕಡೆ ಕೊಂಡಿರುತ್ತಾರೆ. ಕೆಳಗಿನ ಅಂಕಿಗಳೆಲ್ಲ ಲೆಕ್ಕ ಕಲಿಯಲು ಇಟ್ಟುಕೊಂಡ ಊಹೆಗಳು.

ಮೊದಲ ಹಂತ: ಒಂದು ವಾರದ ಸಮಯದ ಲೆಕ್ಕ

‘ಬಹಳ ಕೆಲಸವಿದೆ’ ಎಂಬುದು ಲೆಕ್ಕವಲ್ಲ. ಯಾವ ಕೆಲಸಕ್ಕೆ ಎಷ್ಟು ಗಂಟೆ ಎಂದು ಒಂದು ವಾರ ಬರೆದಿಡಬೇಕು. ನಮ್ಮ ಮಾಲೀಕರ ವಾರ ಹೀಗಿದೆ ಎಂದುಕೊಳ್ಳೋಣ:

• ವಾಟ್ಸಾಪ್ ವಿಚಾರಣೆಗಳಿಗೆ ಉತ್ತರ: 12 ಗಂಟೆ
• ಆರ್ಡರ್ ದಾಖಲೆ, ಕೊರಿಯರ್ ವಿಳಾಸ ಬರೆಯುವುದು: 5 ಗಂಟೆ
• ಕೊರಿಯರ್ ವಿಚಾರಣೆ, ಗ್ರಾಹಕರ ದೂರು: 4 ಗಂಟೆ
• ಫೋಟೊ ತೆಗೆದು ಹಾಕುವುದು: 3 ಗಂಟೆ
• ಒಟ್ಟು: 24 ಗಂಟೆ

ಇದನ್ನು ನೋಡಿದ ತಕ್ಷಣ ಆಳನ್ನು ಹುಡುಕಬಾರದು. ವಾಟ್ಸಾಪ್ ಬಿಸಿನೆಸ್‌ನಲ್ಲಿ ವಸ್ತುಗಳ ಚಿತ್ರ ಮತ್ತು ಬೆಲೆ ತೋರಿಸುವ ಕ್ಯಾಟಲಾಗ್, ಪದೇ ಪದೇ ಕೇಳುವ ಪ್ರಶ್ನೆಗೆ ಕ್ವಿಕ್ ರಿಪ್ಲೈ, ಅಂಗಡಿ ಮುಚ್ಚಿದ ಹೊತ್ತಿಗೆ ತಾನಾಗಿ ಹೋಗುವ ಸಂದೇಶ, ಆರ್ಡರ್‌ಗಳನ್ನು ಗುರುತಿಸುವ ಲೇಬಲ್ ಸೌಲಭ್ಯಗಳಿವೆ. ‘ಬೆಲೆ ಎಷ್ಟು?’, ‘ಹುಬ್ಬಳ್ಳಿಗೆ ಕಳಿಸುತ್ತೀರಾ?’ ಎಂಬ ಪ್ರಶ್ನೆಗಳಿಗೆ ಇಷ್ಟೇ ಸಾಕು. ಇದರಿಂದ 5 ಗಂಟೆ ಉಳಿಯಿತು ಎಂದುಕೊಂಡರೆ 19 ಗಂಟೆ ಬಾಕಿ.

ಎರಡನೆಯ ಹಂತ: ಕೊಡುವ ಕೆಲಸ, ಕೊಡದ ಕೆಲಸ

ಉಳಿದ ಕೆಲಸವನ್ನು ಎರಡು ಪಾಲು ಮಾಡಬೇಕು. ನಿಯಮ ಬರೆದುಕೊಟ್ಟರೆ ಬೇರೆಯವರೂ ಅದೇ ರೀತಿ ಮಾಡಬಲ್ಲ ಕೆಲಸ ಒಂದು ಪಾಲು: ಆರ್ಡರ್ ದಾಖಲಿಸುವುದು, ವಿಳಾಸ ಸರಿ ನೋಡುವುದು, ಕೊರಿಯರ್ ಸಂಖ್ಯೆ ಕಳಿಸುವುದು, ಸಿದ್ಧ ಫೋಟೊ ಹಾಕುವುದು. ಮಾಲೀಕರ ತೀರ್ಮಾನ ಬೇಕಾದ ಕೆಲಸ ಇನ್ನೊಂದು ಪಾಲು: ಸಗಟು ಆರ್ಡರ್‌ಗೆ ರಿಯಾಯಿತಿ, ಮುರಿದ ಆಟಿಕೆಗೆ ಹಣ ವಾಪಸ್, ಸಾಲ ಕೊಡುವ ಮಾತು. ಎರಡನೆಯದಕ್ಕೆ 7 ಗಂಟೆ ಬೇಕೆಂದರೆ ಸಹಾಯಕರಿಗೆ ಕೊಡಬಹುದಾದದ್ದು ವಾರಕ್ಕೆ 12 ಗಂಟೆ.

24 ಗಂಟೆಯ ಹೊರೆ 12 ಗಂಟೆಯ ಕೆಲಸವಾಯಿತು. ಸಮಯದ ಲೆಕ್ಕವನ್ನೇ ಬರೆಯದ ಮಾಲೀಕರು ಎರಡು ಪಟ್ಟು ಹಣ ಕೊಡುತ್ತಿದ್ದರು.

ಮೂರನೆಯ ಹಂತ: ಖರ್ಚು ಹುಟ್ಟುತ್ತದೆಯೇ?

ಗಂಟೆಗೆ 150 ರೂ. ಎಂದು ಒಪ್ಪಂದವಾದರೆ ವಾರಕ್ಕೆ 1,800 ರೂ., ನಾಲ್ಕು ವಾರಕ್ಕೆ 7,200 ರೂ. ಒಂದು ಆಟಿಕೆ ಸೆಟ್ಟಿನ ಬೆಲೆ 600 ರೂ.; ಮರ, ಅರಗು, ಕೂಲಿ, ಪ್ಯಾಕಿಂಗ್, ಕೊರಿಯರ್ ಸೇರಿ 450 ರೂ. ಹೋದರೆ ಉಳಿಯುವುದು 150 ರೂ.

7,200 ÷ 150 = 48 ಸೆಟ್

ಅಂದರೆ ಸಹಾಯಕರು ಬಂದ ಮೇಲೆ ನಾಲ್ಕು ವಾರದಲ್ಲಿ 48 ಸೆಟ್, ವಾರಕ್ಕೆ 12 ಸೆಟ್ ಹೆಚ್ಚು ಮಾರಾಟವಾದರೆ ಅವರ ಖರ್ಚು ಸರಿಹೋಗುತ್ತದೆ. ಲಾಭ ಶುರುವಾಗುವುದು 49ನೆಯ ಸೆಟ್ಟಿನಿಂದ.

ಇಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕು: ವಾರಕ್ಕೆ 12 ಸೆಟ್ ಹೆಚ್ಚು ತಯಾರಿಸುವ ಶಕ್ತಿ ಕಾರ್ಖಾನೆಗಿದೆಯೇ? ಉಳಿದ 12 ಗಂಟೆಯನ್ನು ಮಾಲೀಕರು ಲೇತ್ ಮುಂದೆ ಕಳೆದರೆ ಅದು ಸಾಧ್ಯವಾದೀತು. ಇಲ್ಲವಾದರೆ ಸಹಾಯಕರು ಬೇಗ ಬೇಗ ಆರ್ಡರ್ ಪಡೆಯುತ್ತಾರೆ, ಸಾಮಾನು ತಡವಾಗುತ್ತದೆ, ದೂರು ಹೆಚ್ಚುತ್ತದೆ. ತೊಡಕು ತಯಾರಿಕೆಯಲ್ಲಿದ್ದರೆ ಬೇಕಾಗಿರುವುದು ವರ್ಚುವಲ್ ಅಸಿಸ್ಟೆಂಟ್ ಅಲ್ಲ, ಇನ್ನೊಬ್ಬ ಕುಶಲಕರ್ಮಿ.

ನಾಲ್ಕನೆಯ ಹಂತ: ಆಯ್ಕೆ

ಪ್ರಮಾಣಪತ್ರಗಳಿಗಿಂತ ಮಾದರಿ ಕೆಲಸ ಹೆಚ್ಚು ತಿಳಿಸುತ್ತದೆ. ಗ್ರಾಹಕರ ಹೆಸರು, ನಂಬರ್ ತೆಗೆದ ಐದು ಹಳೆಯ ಸಂದೇಶಗಳನ್ನು ಕೊಟ್ಟು ಉತ್ತರ ಬರೆಯಿಸಬೇಕು. ಅವುಗಳಲ್ಲೊಂದು ಸಿಟ್ಟಿನ ಸಂದೇಶವಿರಲಿ, ಒಂದರಲ್ಲಿ ವಿಳಾಸದ ಪಿನ್‌ಕೋಡ್ ಬಿಟ್ಟುಹೋಗಿರಲಿ. ಪಿನ್‌ಕೋಡ್ ಇಲ್ಲವೆಂದು ಗಮನಿಸಿ ಕೇಳಿದವರು ಕೆಲಸಕ್ಕೆ ಆಗುತ್ತಾರೆ. ಊಹಿಸಿ ತುಂಬಿದವರು ಆಗುವುದಿಲ್ಲ. ಕನ್ನಡ, ಉರ್ದು, ಹಿಂದಿ, ಇಂಗ್ಲಿಷ್‌ಗಳಲ್ಲಿ ನಿಮ್ಮ ಗ್ರಾಹಕರು ಬಳಸುವ ಭಾಷೆ ಅವರಿಗೆ ಬರಬೇಕು. ಈ ಮಾದರಿ ಕೆಲಸಕ್ಕೂ ಹಣ ಕೊಡುವುದು ನ್ಯಾಯ.

ಐದನೆಯ ಹಂತ: ಬರಹದ ಒಪ್ಪಂದ

ಪರಿಚಯದವರೇ ಆಗಿದ್ದರೂ ಒಂದು ಪುಟದ ಒಪ್ಪಂದ ಇರಲಿ. ಅದರಲ್ಲಿ ಕೆಲಸದ ಪಟ್ಟಿ, ದಿನದ ಯಾವ ಹೊತ್ತು, ದರ, ಹಣ ಕೊಡುವ ದಿನ, ಗ್ರಾಹಕರ ಮಾಹಿತಿಯನ್ನು ಗುಟ್ಟಾಗಿಡುವ ಮಾತು, ಬಿಡುವಾಗ ಎಷ್ಟು ದಿನ ಮೊದಲು ತಿಳಿಸಬೇಕು ಎಂಬ ಆರು ವಿಷಯಗಳು ಬೇಕು.

ಭಾರತೀಯ ಕರಾರು ಅಧಿನಿಯಮ, 1872 ಇಲ್ಲಿ ನೆರವಿಗೆ ಬರುತ್ತದೆ. 182ನೆಯ ಕಲಮಿನ ಪ್ರಕಾರ ಇನ್ನೊಬ್ಬರ ಪರವಾಗಿ ಕಾರ್ಯ ಮಾಡಲು ಅಥವಾ ಮೂರನೆಯವರ ಜತೆ ವ್ಯವಹರಿಸಲು ನೇಮಕಗೊಂಡವರು ಏಜೆಂಟರು. ಏಜೆಂಟರು ತಮ್ಮ ಅಧಿಕಾರದೊಳಗೆ ಮಾಡಿದ ವ್ಯವಹಾರ, ಮಾಲೀಕರೇ ಮಾಡಿದಂತೆ ಅವರನ್ನು ಕಟ್ಟಿಹಾಕುತ್ತದೆ ಎನ್ನುತ್ತದೆ 226ನೆಯ ಕಲಮು. ಆರ್ಡರ್ ಒಪ್ಪಿಕೊಳ್ಳುವ ಅಧಿಕಾರ ಪಡೆದ ಸಹಾಯಕರು ಅಂಗಡಿಯ ನಂಬರಿನಿಂದ ‘ಶುಕ್ರವಾರ ತಲುಪುತ್ತದೆ’ ಎಂದು ಬರೆದರೆ ಮಾತು ಕೊಟ್ಟದ್ದು ಅಂಗಡಿಯೇ. ‘ಅದು ನಾನಲ್ಲ, ನನ್ನ ಅಸಿಸ್ಟೆಂಟ್’ ಎಂದು ಗ್ರಾಹಕರಿಗೆ ಹೇಳಿ ಪ್ರಯೋಜನವಿಲ್ಲ. ಅಧಿಕಾರವನ್ನು ವಹಿಸಿಕೊಡಬಹುದು, ಉತ್ತರದಾಯಿತ್ವವನ್ನು ವಹಿಸಿಕೊಡಲಾಗದು ಎಂಬ ಪಾಠದ ಸಾಲಿನ ಅರ್ಥ ಇದೇ.

ವಯಸ್ಸಿನ ಪ್ರಶ್ನೆಯೂ ಇದೆ. 18 ತುಂಬದವರು ಮಾಡಿಕೊಂಡ ಕರಾರು ಮೊದಲಿಂದಲೇ ಅನೂರ್ಜಿತ ಎಂಬುದು ಮೊಹೋರಿ ಬೀಬಿ ಪ್ರಕರಣದಲ್ಲಿ 1903ರಷ್ಟು ಹಿಂದೆಯೇ ತೀರ್ಮಾನವಾಗಿದೆ. ಅಪ್ರಾಪ್ತರು ಏಜೆಂಟರಾಗಿ ಕೆಲಸ ಮಾಡಿದರೂ ಮಾಲೀಕರಿಗೆ ಹೊಣೆಯಾಗುವುದಿಲ್ಲ ಎಂದು 184ನೆಯ ಕಲಮು ಹೇಳುತ್ತದೆ. ಪಕ್ಕದ ಮನೆಯ ಹದಿನಾರರ ಹುಡುಗನ ಕೈಗೆ ಅಂಗಡಿಯ ಫೋನ್ ಕೊಡುವ ಮೊದಲು ಇದನ್ನು ನೆನೆಯಬೇಕು.

ಆರನೆಯ ಹಂತ: ಯಾವ ಬೀಗದ ಕೈ ಯಾರ ಬಳಿ?

ಅಂಗಡಿಗೆ ಕೆಲಸದವರು ಬಂದರೆ ಬಾಗಿಲು ತೆರೆಯುತ್ತೇವೆ, ತಿಜೋರಿಯ ಕೀಲಿ ಕೊಡುವುದಿಲ್ಲ. ಆನ್‌ಲೈನ್‌ನಲ್ಲೂ ಹಾಗೆಯೇ.

1. ಒಟಿಪಿ, ಯುಪಿಐ ಪಿನ್, ಬ್ಯಾಂಕ್ ಪಾಸ್‌ವರ್ಡ್ ಯಾರಿಗೂ ಕೊಡಬಾರದು. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ.

2. ಗ್ರಾಹಕರು ಕಳಿಸುವ ಪಾವತಿಯ ಸ್ಕ್ರೀನ್‌ಶಾಟ್ ನಂಬಿ ಸಾಮಾನು ಕಳಿಸಬಾರದು. ನಕಲಿ ಸ್ಕ್ರೀನ್‌ಶಾಟ್ ಮಾಡುವುದು ಸುಲಭ. ಮಾಲೀಕರು ಖಾತೆ ನೋಡಿ ಆರ್ಡರ್ ಪಟ್ಟಿಯಲ್ಲಿ ‘ಹಣ ಬಂದಿದೆ’ ಎಂದು ಬರೆದ ಮೇಲೆಯೇ ಸಹಾಯಕರು ಕೊರಿಯರ್‌ಗೆ ಹೇಳಬೇಕು.

3. ಗೂಗಲ್ ಶೀಟ್ಸ್‌ನಲ್ಲಿ ಬರೀ ನೋಡುವ, ಟಿಪ್ಪಣಿ ಹಾಕುವ, ತಿದ್ದುವ ಎಂಬ ಮೂರು ಬಗೆಯ ಅನುಮತಿಗಳಿವೆ. ಆರ್ಡರ್ ಪಟ್ಟಿಗೆ ತಿದ್ದುವ ಅನುಮತಿ, ಬೆಲೆ ಪಟ್ಟಿಗೆ ನೋಡುವ ಅನುಮತಿ ಸಾಕು. ಲಾಭ–ನಷ್ಟದ ಲೆಕ್ಕವನ್ನು ಹಂಚಿಕೊಳ್ಳುವ ಅಗತ್ಯವೇ ಇಲ್ಲ.

4. ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್ ಮೂಲಕ ಸಹಾಯಕರ ಕಂಪ್ಯೂಟರ್ ಜೋಡಿಸಿದರೆ ಅವರಿಗೆ ಸಂದೇಶಗಳೆಲ್ಲ ಕಾಣುತ್ತವೆ. ಮನೆಯವರ ಮಾತುಕತೆ ಇರುವ ನಂಬರನ್ನು ವ್ಯಾಪಾರಕ್ಕೆ ಬಳಸಬಾರದು. ಸಹಾಯಕರು ಕೆಲಸ ಬಿಟ್ಟ ದಿನವೇ ಆ ಜೋಡಣೆ ತೆಗೆಯಬೇಕು.

ಗ್ರಾಹಕರ ಹೆಸರು, ವಿಳಾಸ, ನಂಬರ್ ಅವರು ನಮ್ಮನ್ನು ನಂಬಿ ಕೊಟ್ಟ ಮಾಹಿತಿ. ನಮ್ಮ ಪರವಾಗಿ ಬೇರೆಯವರು ಅದನ್ನು ಬಳಸಿದರೂ ಹೊಣೆ ನಮ್ಮದೇ ಎಂಬುದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ನಿಲುವು ಕೂಡ.

ಏಳನೆಯ ಹಂತ: ಮೊದಲ ತಿಂಗಳು

ಕೆಲಸ ಕಲಿಸದೆ ಫಲ ಕೇಳಬಾರದು. ಪ್ರತಿ ಕೆಲಸಕ್ಕೂ ಐದಾರು ಸಾಲಿನ ಕ್ರಮ ಬರೆದುಕೊಡಬೇಕು. ‘ಚೆನ್ನಾಗಿ ಮಾತಾಡಿ’ ಎಂದರೆ ಸಾಲದು. ‘ಅಂಗಡಿ ಹೊತ್ತಿನಲ್ಲಿ ಒಂದು ಗಂಟೆಯೊಳಗೆ ಉತ್ತರಿಸಿ, ರಿಯಾಯಿತಿ ಕೇಳಿದರೆ ನನಗೆ ತಿಳಿಸಿ’ ಎಂದರೆ ಅರ್ಥವಾಗುತ್ತದೆ. ದಿನದ ಕೊನೆಗೆ ಬಂದ ಆರ್ಡರ್, ಕಳಿಸಿದ ಸಾಮಾನು, ಉಳಿದ ಪ್ರಶ್ನೆ ಎಂಬ ಮೂರು ಸಾಲಿನ ವರದಿ ಸಾಕು. ವಾರಕ್ಕೊಮ್ಮೆ ಕುಳಿತು ಮಾತಾಡಬೇಕು. ತಪ್ಪಾದರೆ ಮೊದಲು ಬರೆದುಕೊಟ್ಟ ಕ್ರಮ ಸ್ಪಷ್ಟವಾಗಿತ್ತೇ ಎಂದು ನೋಡಿ, ನಂತರ ವ್ಯಕ್ತಿಯನ್ನು ಕೇಳಬೇಕು. ಒಪ್ಪಿದ ದಿನಕ್ಕೆ ಹಣ ಕೊಡುವುದನ್ನು ಮಾತ್ರ ಎಂದೂ ತಪ್ಪಿಸಬಾರದು. ಸಹಾಯಕರು ಕಣ್ಣಿಗೆ ಕಾಣುವುದಿಲ್ಲ ಎಂದು ಅವರ ಮನೆಯ ಖರ್ಚು ನಿಲ್ಲುವುದಿಲ್ಲ.

ನೀವೇ ಸಹಾಯಕರಾಗುವುದಾದರೆ

ಪದವಿ ಓದುತ್ತಾ, ಮನೆಯಲ್ಲೇ ಇದ್ದು ಇಂಥ ಕೆಲಸ ಮಾಡಬಯಸುವವರು ನಮ್ಮಲ್ಲಿ ಇದ್ದಾರೆ. ದೂರ ಹೋಗಿ ದುಡಿಯಲು ಆಗದ ಹೆಣ್ಣುಮಕ್ಕಳಿಗೂ ಇದು ಒಂದು ದಾರಿ. ತಪ್ಪಿಲ್ಲದ ಕನ್ನಡ ಮತ್ತು ಇಂಗ್ಲಿಷ್ ಬರವಣಿಗೆ, ಕನ್ನಡ ಟೈಪಿಂಗ್, ಸ್ಪ್ರೆಡ್‌ಶೀಟ್, ಹೇಳಿದ ಹೊತ್ತಿಗೆ ಕೆಲಸ ಮುಗಿಸುವ ಅಭ್ಯಾಸ ಇದರ ಬಂಡವಾಳ. ಆದರೆ ‘ಮನೆಯಿಂದಲೇ ಕೆಲಸ, ಮೊದಲು ನೋಂದಣಿ ಶುಲ್ಕ ಕಟ್ಟಿ’ ಎನ್ನುವವರಿಂದ ದೂರವಿರಿ. ಕೆಲಸ ಕೊಡುವವರು ಹಣ ಕೊಡಬೇಕು, ಕೇಳಬಾರದು. ಬೇರೆಯವರ ಹಣ ನಿಮ್ಮ ಬ್ಯಾಂಕ್ ಖಾತೆಯ ಮೂಲಕ ಹಾದುಹೋಗಲು ಬಿಡಬೇಡಿ. ಮೋಸಹೋದರೆ ನಾಚಿಕೆಯಿಂದ ಸುಮ್ಮನಿರದೆ ಮನೆಯವರಿಗೆ ತಿಳಿಸಿ, ಕೂಡಲೇ 1930 ಸಹಾಯವಾಣಿಗೆ ಕರೆಮಾಡಿ.

ಅಭ್ಯಾಸ

1. ನಿಮ್ಮ ಮನೆಯ ಅಥವಾ ಪರಿಚಯದ ಒಂದು ಸಣ್ಣ ವ್ಯಾಪಾರದ ಒಂದು ವಾರದ ಸಮಯದ ಲೆಕ್ಕ ಬರೆಯಿರಿ. ಯಾವ ಕೆಲಸವನ್ನು ಆ್ಯಪ್ ಮಾಡಬಲ್ಲದು, ಯಾವುದನ್ನು ಸಹಾಯಕರು, ಯಾವುದನ್ನು ಮಾಲೀಕರು ಮಾತ್ರ ಮಾಡಬೇಕು ಎಂದು ಗುರುತಿಸಿ.

2. ಮೇಲಿನ ಉದಾಹರಣೆಯಲ್ಲಿ ಕೊರಿಯರ್ ದರ ಏರಿ ಒಂದು ಸೆಟ್ಟಿನ ಖರ್ಚು 480 ರೂ. ಆದರೆ, ಸಹಾಯಕರ ಖರ್ಚು ಸರಿಹೋಗಲು ನಾಲ್ಕು ವಾರದಲ್ಲಿ ಎಷ್ಟು ಸೆಟ್ ಹೆಚ್ಚು ಮಾರಬೇಕು? (ಉತ್ತರ: 60)

3. ಸಹಾಯಕರು ತಪ್ಪಾಗಿ 600 ರೂ. ಸೆಟ್ಟಿಗೆ 500 ರೂ. ಎಂದು ಬರೆದರು, ಗ್ರಾಹಕರು ಹಣ ಕಳಿಸಿದರು. ನೀವು ಮಾಲೀಕರಾಗಿದ್ದರೆ ಗ್ರಾಹಕರಿಗೆ ಏನು ಹೇಳುತ್ತೀರಿ, ಸಹಾಯಕರಿಗೆ ಏನು ಹೇಳುತ್ತೀರಿ? ತರಗತಿಯಲ್ಲಿ ಚರ್ಚಿಸಿ.